ಸಣ್ಣ ಡಿಜಿಟಲ್ ಕ್ಯಾಮೆರಾ: ದಿನಬಳಕೆಯ ಛಾಯಾಚಿತ್ರದ ಒಂದು ಚರಿತ್ರೆ

ಛಾಯಾಗ್ರಹಣದ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಹೆಸರಾಂತ ಛಾಯಾಗ್ರಾಹಕರನ್ನೂ ಯುದ್ಧ, ಕ್ಷಾಮ, ಚಳವಳಿಗಳ ಪ್ರಸಿದ್ಧ ಚಿತ್ರಗಳನ್ನೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಆದರೆ ಲೋಕದಲ್ಲಿ ಈವರೆಗೆ ತೆಗೆದಿರುವ ಚಿತ್ರಗಳಲ್ಲಿ ಬಹುಪಾಲು ಮನೆಯವರು ಮನೆಯವರಿಗಾಗಿಯೇ ತೆಗೆದವು. ಅವುಗಳ ಹಿಂದೆ ಕಲೆಯ ಹಂಬಲಕ್ಕಿಂತ ಉಳಿಸಿಕೊಳ್ಳುವ ಹಂಬಲವೇ ಹೆಚ್ಚು. ಈ ಬಗೆಯ ಚಿತ್ರಗಳ ಚರಿತ್ರೆಯಲ್ಲಿ 1995ರಿಂದ 2010ರವರೆಗಿನ ಒಂದೂವರೆ ದಶಕಕ್ಕೆ ವಿಶೇಷ ಸ್ಥಾನವಿದೆ. ಮುಖ್ಯವಾಗಿ ಜಪಾನಿನ ಕಂಪನಿಗಳಲ್ಲಿ ರೂಪುಗೊಂಡು ದೇಶದೇಶಗಳ ಜೇಬು ಮತ್ತು ಕೈಚೀಲಗಳನ್ನು ಸೇರಿದ ಸಣ್ಣ ಡಿಜಿಟಲ್ ಕ್ಯಾಮೆರಾ, ಹಬ್ಬ, ಮದುವೆ, ಪ್ರವಾಸಗಳಿಗೆ ಮೀಸಲಾಗಿದ್ದ ಛಾಯಾಚಿತ್ರವನ್ನು ಸಾಮಾನ್ಯ ದಿನಗಳ ದಾಖಲೆಯಾಗಿ ಮಾರ್ಪಡಿಸಿತು. ಈ ಮಾರ್ಪಾಡಿಗೆ ಫಿಲ್ಮಿನ ಜಾಗಕ್ಕೆ ಬಂದ ವಿದ್ಯುನ್ಮಾನ ಸಂವೇದಕವೇ ಕಾರಣವೆಂದು ಹೇಳುವುದು ವಾಡಿಕೆಯಾದರೂ, ಬಳಸಿದವರ ನಡವಳಿಕೆಯನ್ನು ಗಮನಿಸಿದರೆ ನಿರ್ಣಾಯಕವಾದದ್ದು ಕ್ಯಾಮೆರಾದ ಬೆನ್ನಿಗೆ ಸೇರಿಕೊಂಡ ಪುಟ್ಟ ಪರದೆ ಎಂಬುದು ಮನವರಿಕೆಯಾಗುತ್ತದೆ.

ಮನೆಮಂದಿಯ ಕೈಗೆ ಕ್ಯಾಮೆರಾವನ್ನು ಕೊಟ್ಟ ಕೀರ್ತಿ ಅಮೆರಿಕದ ಜಾರ್ಜ್ ಈಸ್ಟ್‌ಮನ್‌ಗೆ ಸಲ್ಲುತ್ತದೆ. ಆತ 1888ರಲ್ಲಿ ಮಾರುಕಟ್ಟೆಗೆ ತಂದ ಕೊಡ್ಯಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರಲ್ಲಿ 100 ಚಿತ್ರಗಳಿಗಾಗುವಷ್ಟು ಫಿಲ್ಮು ಮೊದಲೇ ತುಂಬಿರುತ್ತಿತ್ತು, ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರಾಚೆಸ್ಟರ್ ನಗರದ ಕಾರ್ಖಾನೆಗೆ ಕಳುಹಿಸಿದರೆ ಅಲ್ಲಿ ಚಿತ್ರಗಳನ್ನು ತೊಳೆದು, ಹೊಸ ಫಿಲ್ಮು ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದೇ ಡಾಲರ್ ಆಗಿದ್ದರಿಂದ ಮಕ್ಕಳ ಕೈಗೂ ಅದು ಸಿಕ್ಕಿತು. ಹೀಗೆ ಕ್ಯಾಮೆರಾ ಅಗ್ಗವಾದರೂ ಚಿತ್ರ ಅಗ್ಗವಾಗಲಿಲ್ಲ. ಫಿಲ್ಮಿಗೊಂದು ಬೆಲೆ, ತೊಳೆಸುವುದಕ್ಕೊಂದು ಬೆಲೆ, ಪ್ರಿಂಟ್ ಹಾಕಿಸುವುದಕ್ಕೆ ಮತ್ತೊಂದು ಬೆಲೆ ತೆರಬೇಕಾಗಿದ್ದ ಈ ವ್ಯವಸ್ಥೆಯಲ್ಲಿ ಗುಂಡಿ ಒತ್ತಿದ ಪ್ರತಿ ಸಲವೂ ಖರ್ಚಿನ ಲೆಕ್ಕ ಇದ್ದೇ ಇರುತ್ತಿತ್ತು. ಒಲಿಂಪಸ್ ಕಂಪನಿಯ ಮೈತಾನಿ ಯೋಶಿಹಿಸಾ ವಿನ್ಯಾಸಗೊಳಿಸಿ 1959ರಲ್ಲಿ ಹೊರಬಂದ ಪೆನ್ ಎಂಬ ಕ್ಯಾಮೆರಾ, 35 ಮಿಲಿಮೀಟರ್ ಫಿಲ್ಮಿನ ಪ್ರತಿ ಚೌಕಟ್ಟನ್ನು ಎರಡಾಗಿ ಬಳಸಿ 36 ಚಿತ್ರಗಳ ರೀಲಿನಲ್ಲಿ 72 ಚಿತ್ರ ತೆಗೆಯಲು ಅನುವು ಮಾಡಿಕೊಟ್ಟು ಜನಪ್ರಿಯವಾಯಿತೆಂದರೆ ಈ ಲೆಕ್ಕ ಎಷ್ಟು ಬಿಗಿಯಾಗಿತ್ತೆಂಬುದು ತಿಳಿಯುತ್ತದೆ. ಖರ್ಚಿನ ಜೊತೆಗೆ ಕಾಯುವಿಕೆಯೂ ಇತ್ತು. ಎಡ್ವಿನ್ ಲ್ಯಾಂಡ್‌ನ ಪೋಲರಾಯ್ಡ್ ಕ್ಯಾಮೆರಾ 1948ರಲ್ಲಿ ಮಾರಾಟಕ್ಕೆ ಬಂದು ಚಿತ್ರವನ್ನು ಸುಮಾರು ಒಂದು ನಿಮಿಷದಲ್ಲೇ ಕೈಗಿತ್ತು ಕಾಯುವಿಕೆಯನ್ನು ತಪ್ಪಿಸಿತಾದರೂ, ಅದರ ಪ್ರತಿಯೊಂದು ಹಾಳೆಯೂ ದುಬಾರಿಯಾಗಿದ್ದುದರಿಂದ ಖರ್ಚಿನ ಅಂಕೆ ಹಾಗೆಯೇ ಉಳಿಯಿತು.

ಕರ್ನಾಟಕದ ಮನೆಗಳಲ್ಲಿ ಈ ಅಂಕೆ ಇನ್ನೂ ಕಟ್ಟುನಿಟ್ಟಾಗಿತ್ತು. 1910ರಲ್ಲಿ ಆರಂಭವಾದ ಬೆಂಗಳೂರಿನ ಜಿ.ಕೆ. ವೇಲ್‌ನಂಥ ಸ್ಟುಡಿಯೊಗಳಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಸ್‌ನಿಲ್ದಾಣದ ಎದುರಿನ ಪುಟ್ಟ ಅಂಗಡಿಗಳವರೆಗೆ, ಫೋಟೊ ಎಂದರೆ ತಲೆ ಬಾಚಿ, ಒಳ್ಳೆಯ ಬಟ್ಟೆ ತೊಟ್ಟು ಹೋಗಿ ತೆಗೆಸಿಕೊಂಡು ಬರುವ ವಸ್ತುವಾಗಿತ್ತು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾ, ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು, 1990ರ ದಶಕದ ಕೊಡ್ಯಾಕ್ ಕೆಬಿ-10 ಇವೆಲ್ಲ ಮಧ್ಯಮ ವರ್ಗಕ್ಕೆ ಕ್ಯಾಮೆರಾವನ್ನು ಹತ್ತಿರ ತಂದರೂ ರೀಲನ್ನು ಜೋಪಾನವಾಗಿ ಬಳಸುವ ರೂಢಿ ಬದಲಾಗಲಿಲ್ಲ. ಗೌರಿ ಹಬ್ಬಕ್ಕೆ ತುಂಬಿಸಿದ ರೀಲಿನಲ್ಲಿ ಉಳಿದ ಹತ್ತು ಹನ್ನೆರಡು ಚಿತ್ರಗಳು ದೀಪಾವಳಿಗೋ ಮಗುವಿನ ಹುಟ್ಟುಹಬ್ಬಕ್ಕೋ ಕಾಯುತ್ತಿದ್ದವು. ಕೊನೆಗೊಂದು ದಿನ ಕಲರ್ ಲ್ಯಾಬಿನಿಂದ ಬಂದ ಲಕೋಟೆಯಲ್ಲಿ ಎರಡು ಮೂರು ತಿಂಗಳ ಸಂಗತಿಗಳು ಒಟ್ಟಿಗೆ ಬರುತ್ತಿದ್ದವು. ಕಣ್ಣು ಮುಚ್ಚಿದ ಅತ್ತೆ, ತಲೆ ಕತ್ತರಿಸಿಹೋದ ಮಾವ, ಬೆಳಕು ಹೊಕ್ಕು ಕೆಂಪಾದ ಮೊದಲ ಚಿತ್ರ ಇವುಗಳನ್ನು ತಿದ್ದಲು ಅಷ್ಟು ಹೊತ್ತಿಗೆ ದಾರಿ ಇರುತ್ತಿರಲಿಲ್ಲ.

ಫಿಲ್ಮಿಗೆ ಪರ್ಯಾಯವನ್ನು ಒದಗಿಸಿದ ಸಂಶೋಧನೆ ನಡೆದದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿ 1969ರಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆ, ತನ್ನ ಮೇಲೆ ಬಿದ್ದ ಬೆಳಕನ್ನು ಸಾವಿರಾರು ಪುಟ್ಟ ಕೋಶಗಳಲ್ಲಿ ವಿದ್ಯುದಂಶವಾಗಿ ಹಿಡಿದಿಟ್ಟು, ಸಾಲುಸಾಲಾಗಿ ಸಾಗಿಸಿ ಓದಿಸುತ್ತದೆ. ಇಂಥ ಒಂದೊಂದು ಕೋಶದಿಂದ ಸಿಗುವ ಚಿತ್ರದ ಚುಕ್ಕಿಯೇ ಪಿಕ್ಸೆಲ್. ಈ ಸಾಧನೆಗಾಗಿ ಇಬ್ಬರಿಗೂ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಕೋಶಕ್ಕೆ ಬೆಳಕಿನ ಪ್ರಮಾಣ ತಿಳಿಯುತ್ತದೆಯೇ ಹೊರತು ಬಣ್ಣ ತಿಳಿಯುವುದಿಲ್ಲವಾದ್ದರಿಂದ, ಕೊಡ್ಯಾಕ್‌ನ ಬ್ರೈಸ್ ಬೇಯರ್ ಕೋಶಗಳ ಮೇಲೆ ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ ಸೋಸುಗಗಳನ್ನು ಚದುರಂಗದ ಮಣೆಯಂತೆ ಹರಡುವ ವಿಧಾನವನ್ನು ಕಂಡುಹಿಡಿದು 1976ರಲ್ಲಿ ಹಕ್ಕುಪತ್ರ ಪಡೆದ. ಹಸಿರಿಗೆ ಹೆಚ್ಚಿನ ಪಾಲು ಸಿಕ್ಕಿದ್ದು ಮನುಷ್ಯನ ಕಣ್ಣು ಆ ಬಣ್ಣದಲ್ಲೇ ವಿವರಗಳನ್ನು ಹೆಚ್ಚು ಗುರುತಿಸುತ್ತದೆಂಬ ಕಾರಣಕ್ಕೆ. ಅದೇ ಕಂಪನಿಯ ಸ್ಟೀವ್ ಸ್ಯಾಸನ್ 1975ರಲ್ಲಿ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು ಮೂರೂವರೆ ಕಿಲೊ ತೂಗುತ್ತಿತ್ತು; 10,000 ಪಿಕ್ಸೆಲ್‌ಗಳ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು, ಚಿತ್ರವನ್ನು ನೋಡಲು ಬೇರೊಂದು ಯಂತ್ರವೂ ಟಿವಿಯೂ ಬೇಕಾಗುತ್ತಿತ್ತು.

ಸಂವೇದಕ ಸಿದ್ಧವಾದ ಮೇಲೂ ಸಣ್ಣ ಕ್ಯಾಮೆರಾ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿದದ್ದಕ್ಕೆ ಮುಖ್ಯ ಕಾರಣ ಚಿತ್ರವನ್ನು ಎಲ್ಲಿ ಇಡಬೇಕೆಂಬ ತೊಡಕು. ಸೋನಿ 1981ರಲ್ಲಿ ತೋರಿಸಿದ ಮಾವಿಕಾ ಚಿತ್ರವನ್ನು ಪುಟ್ಟ ಕಾಂತೀಯ ತಟ್ಟೆಯಲ್ಲಿ ಬರೆಯುತ್ತಿತ್ತಾದರೂ ಅದು ಅಂಕಿಗಳ ರೂಪದಲ್ಲಿರದೆ ವಿಡಿಯೊ ಸಂಕೇತದ ರೂಪದಲ್ಲಿತ್ತು. ಫ್ಯೂಜಿ 1988ರಲ್ಲಿ ಪ್ರದರ್ಶಿಸಿದ ಡಿಎಸ್-1ಪಿ ಚಿತ್ರಗಳನ್ನು ಅಂಕಿಗಳಾಗಿಯೇ ಮೆಮೊರಿ ಕಾರ್ಡಿನಲ್ಲಿ ಇಟ್ಟಿತು. ಆದರೆ ಆ ಕಾರ್ಡಿನಲ್ಲಿದ್ದದ್ದು ಅಳಿಯದಂತೆ ಉಳಿಯಲು ಬ್ಯಾಟರಿಯ ಆಸರೆ ಬೇಕಿತ್ತು. ತೋಶಿಬಾದ ಮಸುವೊಕಾ ಫುಜಿಯೊ 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಮೆಮೊರಿ, ವಿದ್ಯುತ್ ಇಲ್ಲದೆಯೂ ಮಾಹಿತಿಯನ್ನು ಉಳಿಸಿಕೊಂಡು, ಬೇಕೆಂದಾಗ ಅಳಿಸಿ ಮತ್ತೆ ಬರೆಯಲು ಅವಕಾಶ ಕೊಟ್ಟು ಈ ತೊಡಕನ್ನು ಬಿಡಿಸಿತು. 1992ರಲ್ಲಿ ಅಂಗೀಕಾರವಾದ ಜೆಪೆಗ್ ಮಾನಕ, ಕಣ್ಣು ಅಷ್ಟಾಗಿ ಗುರುತಿಸದ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಚಿತ್ರವನ್ನು ಹತ್ತನೇ ಒಂದು ಭಾಗದಷ್ಟು ಜಾಗಕ್ಕೆ ಇಳಿಸುವ ಗಣಿತವನ್ನು ಎಲ್ಲ ಕಂಪನಿಗಳಿಗೂ ಸಮಾನವಾಗಿ ಒದಗಿಸಿತು.

ಈ ಎಲ್ಲ ಎಳೆಗಳೂ ಕೂಡಿಕೊಂಡದ್ದು ಫಿಲ್ಮ್ ಕ್ಯಾಮೆರಾದ ಹಿನ್ನೆಲೆಯೇ ಇಲ್ಲದ, ಕ್ಯಾಲ್ಕುಲೇಟರ್ ಮತ್ತು ಕೈಗಡಿಯಾರಗಳಿಗೆ ಹೆಸರಾದ ಕ್ಯಾಸಿಯೊ ಕಂಪನಿಯಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. 1995ರ ಮಾರ್ಚ್‌ನಲ್ಲಿ 65,000 ಯೆನ್ ಬೆಲೆಗೆ ಮಾರಾಟಕ್ಕೆ ಬಂದ ಕ್ಯಾಸಿಯೊ ಕ್ಯೂವಿ-10 ನೋಡಲು ಅಂಗೈಯಗಲದ ಒಂದು ಬೂದುಬಣ್ಣದ ಡಬ್ಬಿ. ಅದರ ಒಂದು ಬದಿಯಲ್ಲಿ ಮೇಲಕ್ಕೂ ಕೆಳಕ್ಕೂ ತಿರುಗುವ ಮಸೂರದ ತುಂಡು, ಬೆನ್ನಿನಲ್ಲಿ 1.8 ಇಂಚಿನ ಬಣ್ಣದ ಎಲ್‌ಸಿಡಿ ಪರದೆ, ಒಳಗೆ ನಾಲ್ಕು ಪೆನ್ಸಿಲ್ ಸೆಲ್ಲು ಮತ್ತು 96 ಚಿತ್ರಗಳನ್ನು ಹಿಡಿದಿಡುವ 2 ಮೆಗಾಬೈಟ್ ಫ್ಲಾಶ್ ಮೆಮೊರಿ ಇದ್ದವು. ಸಂವೇದಕದಲ್ಲಿ ಇದ್ದದ್ದು ಎರಡೂವರೆ ಲಕ್ಷ ಪಿಕ್ಸೆಲ್ ಮಾತ್ರ. ಮಿಂಚುಬೆಳಕಿನ ಫ್ಲಾಶ್ ಇರಲಿಲ್ಲ, ಸೆಲ್ಲುಗಳು ಬಹುಬೇಗ ಮುಗಿದುಹೋಗುತ್ತಿದ್ದವು, ಚಿತ್ರದ ಗುಣಮಟ್ಟ ಅತ್ಯಂತ ಅಗ್ಗದ ಫಿಲ್ಮ್ ಕ್ಯಾಮೆರಾಕ್ಕೂ ಸಮನಾಗಿರಲಿಲ್ಲ. ಆದರೂ ಅದು ನಿರೀಕ್ಷೆ ಮೀರಿ ಮಾರಾಟವಾದದ್ದು ಪರದೆಯ ಬಲದಿಂದ. ಅದೇ ಕಾಲದಲ್ಲಿ ಮಾರುಕಟ್ಟೆಯಲ್ಲಿದ್ದ ಆಪಲ್‌ನ ಕ್ವಿಕ್‌ಟೇಕ್ ಹೆಚ್ಚು ಸ್ಪಷ್ಟವಾದ ಚಿತ್ರ ತೆಗೆಯುತ್ತಿತ್ತು, ಆದರೆ ಅದನ್ನು ನೋಡಲು ಕಂಪ್ಯೂಟರಿಗೆ ಜೋಡಿಸಬೇಕಾಗಿತ್ತು. ಕ್ಯೂವಿ-10ರಲ್ಲಾದರೋ ಗುಂಡಿ ಒತ್ತುವ ಮೊದಲೂ ಒತ್ತಿದ ಕೂಡಲೇ ಕೂಡ ಚಿತ್ರ ಕಣ್ಣೆದುರಿಗೇ ಇರುತ್ತಿತ್ತು.

ಈ ಒಂದು ಸೌಲಭ್ಯದಿಂದ ಮೂರು ಬದಲಾವಣೆಗಳು ಒಟ್ಟಿಗೆ ಆದವು. ಮೊದಲನೆಯದಾಗಿ, ಕಾಯುವಿಕೆಯೂ ಖರ್ಚಿನ ಲೆಕ್ಕವೂ ಏಕಕಾಲಕ್ಕೆ ಕರಗಿದ್ದರಿಂದ ತಿಂಡಿಯ ತಟ್ಟೆ, ಮನೆಯ ಬೆಕ್ಕು, ರೈಲಿನ ಕಿಟಕಿ, ಬೀದಿಯ ಫಲಕ ಮೊದಲಾದವು, ಅಂದರೆ ಯಾರೂ ರೀಲಿನ ಒಂದು ಚೌಕಟ್ಟನ್ನು ಸುಲಭವಾಗಿ ಕೊಡದಿದ್ದ ವಸ್ತುಗಳು, ಚಿತ್ರಯೋಗ್ಯವಾದವು. ಎರಡನೆಯದಾಗಿ, ಚಿತ್ರ ತೆಗೆಸಿಕೊಂಡವರಿಗೆ ಅದರ ಬಗ್ಗೆ ಮಾತನಾಡುವ ಹಕ್ಕು ಬಂತು. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಹಿಡಿದವನೇ ಯಜಮಾನ. ಎದುರಿಗೆ ನಿಂತವರು ಅವನು ಹೇಳಿದ ಕಡೆ ನೋಡಿ ಸುಮ್ಮನಾಗಬೇಕಾಗಿತ್ತು. ಪರದೆ ಬಂದ ಮೇಲೆ ಎದುರಿಗಿದ್ದವರೂ ಕ್ಯಾಮೆರಾದ ಸುತ್ತ ಸೇರಿ ನೋಡಿ, ಒಪ್ಪಿ, ಇಲ್ಲವೇ ಇನ್ನೊಂದು ತೆಗೆಯಿರೆಂದು ಕೇಳಿ ಚಿತ್ರದ ನಿರ್ಮಾಣದಲ್ಲಿ ಪಾಲುದಾರರಾದರು. ಮನೆಯಲ್ಲಿ ಸದಾ ಎದುರಿಗೆ ನಿಲ್ಲುತ್ತಿದ್ದ ಹೆಂಗಸರಿಗೂ ಮಕ್ಕಳಿಗೂ ದೊರೆತ ಈ ಮಾತು ಸಣ್ಣ ಗಳಿಕೆಯಲ್ಲ. ಮೂರನೆಯದು ಅಳಿಸುವ ಗುಂಡಿ. ಚೆನ್ನಾಗಿ ಬಾರದ ಚಿತ್ರಗಳು ಆ ಕ್ಷಣದಲ್ಲೇ ಇಲ್ಲವಾದ್ದರಿಂದ ಉಳಿದ ಸಂಗ್ರಹ ಅಂದವಾಯಿತು. ಅದರ ಜೊತೆಗೇ, ನೆಗೆಟಿವ್‌ಗಳ ಪಟ್ಟಿಯಲ್ಲಿ ತಾವಾಗಿಯೇ ಉಳಿದುಬರುತ್ತಿದ್ದ ಆಕಸ್ಮಿಕ ಚಿತ್ರಗಳು, ಎಂದರೆ ಯಾರೂ ಸಿದ್ಧರಾಗಿರದಿದ್ದ ಗಳಿಗೆಯ ಮುಖಗಳು, ಕಡಿಮೆಯಾದವು.

ಐದೇ ವರ್ಷಗಳಲ್ಲಿ ಗುಣಮಟ್ಟವೂ ಪರದೆಯ ಆಕರ್ಷಣೆಗೆ ತಕ್ಕಂತೆ ಬೆಳೆಯಿತು. ಕ್ಯಾನನ್ 2000ರಲ್ಲಿ ಬಿಡುಗಡೆ ಮಾಡಿದ ಡಿಜಿಟಲ್ ಇಕ್ಸಸ್, ಸುಮಾರು 190 ಗ್ರಾಂ ತೂಕದ ಲೋಹದ ಮೈಯಲ್ಲಿ 20 ಲಕ್ಷ ಪಿಕ್ಸೆಲ್ ಸಂವೇದಕವನ್ನೂ, ದೂರದ್ದನ್ನು ಹತ್ತಿರಕ್ಕೆ ತರುವ ಜೂಮ್ ಮಸೂರವನ್ನೂ ಅಡಕಗೊಳಿಸಿತು. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಗಳಂತೆ ಲೆಕ್ಕ ಹಾಕಿದರೆ ಸುಮಾರು 21 ಲಕ್ಷ ಪಿಕ್ಸೆಲ್ ಬೇಕಾಗುವುದರಿಂದ, ಮನೆಯ ಆಲ್ಬಮ್ಮಿನ ಮಟ್ಟಿಗೆ ಫಿಲ್ಮಿಗೂ ಡಿಜಿಟಲ್‌ಗೂ ಇದ್ದ ಅಂತರ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತೆನ್ನಬಹುದು. ಮುಂದಿನ ವರ್ಷಗಳಲ್ಲಿ ಕೈನಡುಕವನ್ನು ಮಸೂರದ ಚಲನೆಯಿಂದ ಸರಿದೂಗಿಸುವ ಪ್ಯಾನಸಾನಿಕ್‌ನ ವ್ಯವಸ್ಥೆ, ಮುಖವನ್ನು ತಾನೇ ಹುಡುಕಿ ಸ್ಪಷ್ಟಗೊಳಿಸುವ ನಿಕಾನ್‌ನ ವ್ಯವಸ್ಥೆ ಮೊದಲಾದವು ಬಂದು, ಹಿಂದೆ ಅಭ್ಯಾಸದಿಂದ ಕಲಿಯಬೇಕಾಗಿದ್ದ ಕೌಶಲಗಳಲ್ಲಿ ಹಲವನ್ನು ಯಂತ್ರವೇ ವಹಿಸಿಕೊಂಡಿತು.

ಅಷ್ಟೇ ಮುಖ್ಯವಾದರೂ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಾಧನೆ ಕಡತಗಳ ವ್ಯವಸ್ಥೆಗೆ ಸೇರಿದ್ದು. ಜಪಾನಿನ ತಯಾರಕರು 1990ರ ದಶಕದಲ್ಲಿ ಒಮ್ಮತಕ್ಕೆ ಬಂದು, ಎಲ್ಲ ಕ್ಯಾಮೆರಾಗಳೂ ಕಾರ್ಡಿನಲ್ಲಿ ಡಿಸಿಐಎಂ ಎಂಬ ಹೆಸರಿನ ಕೋಶವನ್ನು ತೆರೆದು, ಅದರೊಳಗೆ 100ರಿಂದ ಆರಂಭವಾಗುವ ಸಂಖ್ಯೆಯ ಉಪಕೋಶಗಳಲ್ಲಿ, ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿಗಳ ಹೆಸರಿನಿಂದ ಚಿತ್ರಗಳನ್ನು ಇಡಬೇಕೆಂದು ಗೊತ್ತುಮಾಡಿದರು. ಚಿತ್ರದ ಕಡತದೊಳಗೇ ತೆಗೆದ ದಿನ, ಸಮಯ, ಕ್ಯಾಮೆರಾದ ಮಾದರಿ ಮುಂತಾದವನ್ನು ಬರೆದಿಡುವ ಎಕ್ಸಿಫ್ ಎಂಬ ಪದ್ಧತಿಯೂ ಅದೇ ದಶಕದ್ದು. ಯಾವ ಕಂಪನಿಯ ಕಾರ್ಡನ್ನಾದರೂ ಯಾವ ಲ್ಯಾಬಿನ ಯಂತ್ರವಾದರೂ ಓದಬಲ್ಲದ್ದಾಗಿದ್ದು ಈ ಒಮ್ಮತದಿಂದಲೇ. ಇಂದಿನ ಮೊಬೈಲ್ ಫೋನುಗಳಲ್ಲೂ ಚಿತ್ರಗಳು ಡಿಸಿಐಎಂ ಕೋಶಕ್ಕೇ ಹೋಗಿ ಸೇರುತ್ತವೆ.

ಕರ್ನಾಟಕಕ್ಕೆ ಈ ಕ್ಯಾಮೆರಾಗಳು ಬಂದ ದಾರಿಗಳಲ್ಲಿ ಒಂದು ವಿದೇಶದ ನೌಕರಿಯದು. ಸಾಫ್ಟ್‌ವೇರ್ ಕೆಲಸಕ್ಕಾಗಿ ಅಮೆರಿಕಕ್ಕೂ ಯುರೋಪಿಗೂ ಹೋದ ಕನ್ನಡಿಗರು ಅಲ್ಲಿನ ಹಿಮವನ್ನೂ ಬಾಡಿಗೆ ಮನೆಯನ್ನೂ ಇ-ಮೇಲ್ ಮೂಲಕ ಊರಿಗೆ ತೋರಿಸಿದರು. ರಜೆಗೆ ಬಂದಾಗ ತಂದ ಕ್ಯಾಮೆರಾವನ್ನು ತಮ್ಮನಿಗೋ ತಂಗಿಗೋ ಬಿಟ್ಟುಹೋದರು. ಕಲರ್ ಲ್ಯಾಬುಗಳು ಕಾರ್ಡಿನಿಂದ ಪ್ರಿಂಟ್ ಹಾಕುವುದನ್ನೂ ಚಿತ್ರಗಳನ್ನು ಸಿಡಿಗೆ ಬರೆದುಕೊಡುವುದನ್ನೂ ಹೊಸ ಕಸುಬಾಗಿ ಮಾಡಿಕೊಂಡವು. ಸ್ಟುಡಿಯೊದವರು ಕತ್ತಲೆಕೋಣೆಯ ಜಾಗದಲ್ಲಿ ಕಂಪ್ಯೂಟರ್ ಇಟ್ಟು ಫೋಟೊಶಾಪ್ ಕಲಿತರು, ಮದುವೆಯ ಆಲ್ಬಂ ದಪ್ಪ ಹಾಳೆಗಳ ಕರಿಜ್ಮಾ ಪುಸ್ತಕವಾಯಿತು. ದಶಕಗಳಿಂದ ಕತ್ತಲೆಕೋಣೆಯಲ್ಲಿ ಕೈ ಪಳಗಿಸಿಕೊಂಡಿದ್ದವರ ವಿದ್ಯೆ ಕೆಲವೇ ವರ್ಷಗಳಲ್ಲಿ ಬೇಡವಾದದ್ದು ಈ ಚರಿತ್ರೆಯ ನೋವಿನ ಭಾಗ.

ಸಣ್ಣ ಡಿಜಿಟಲ್ ಕ್ಯಾಮೆರಾದ ಏಳಿಗೆಯಷ್ಟೇ ಇಳಿತವೂ ತೀವ್ರವಾಗಿತ್ತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಲೋಕಕ್ಕೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, ಅವುಗಳಲ್ಲಿ 10 ಕೋಟಿಗೂ ಮಿಕ್ಕಿದ್ದು ಮಸೂರ ಕಳಚಲಾಗದ ಸಣ್ಣ ಕ್ಯಾಮೆರಾಗಳೇ. 2019ರ ಹೊತ್ತಿಗೆ ಒಟ್ಟು ರವಾನೆ ಸುಮಾರು ಒಂದೂವರೆ ಕೋಟಿಗೂ, ಸಣ್ಣ ಕ್ಯಾಮೆರಾಗಳ ಸಂಖ್ಯೆ 70 ಲಕ್ಷಕ್ಕಿಂತ ಕೆಳಗೂ ಇಳಿದಿತ್ತು. ಕುಸಿತದ ಬೀಜ ಜಪಾನಿನಲ್ಲೇ ಮೊಳೆತಿತ್ತು: 2000ದ ನವೆಂಬರ್‌ನಲ್ಲಿ ಬಂದ ಶಾರ್ಪ್ ಕಂಪನಿಯ ಜೆ-ಎಸ್‌ಎಚ್04 ಎಂಬ ಫೋನು 1.1 ಲಕ್ಷ ಪಿಕ್ಸೆಲ್‌ನ ಚಿತ್ರವನ್ನು ತೆಗೆದು ಅಲ್ಲಿಂದಲೇ ಕಳುಹಿಸುತ್ತಿತ್ತು. ಪರದೆಯಲ್ಲಿ ನೋಡುವುದೇ ಚಿತ್ರದ ಮುಖ್ಯ ಸುಖವೆಂದು ಕ್ಯೂವಿ-10 ಕಲಿಸಿದ ಮೇಲೆ, ದೊಡ್ಡ ಪರದೆಯೂ ಕಳುಹಿಸುವ ಸೌಲಭ್ಯವೂ ಇದ್ದ ಫೋನಿನ ಕಡೆಗೆ ಜನ ಹೊರಳಿದ್ದು ಸಹಜವೇ. ಐಫೋನ್ 4 ಮತ್ತು ಇನ್‌ಸ್ಟಾಗ್ರಾಂ ಎರಡೂ ಬಂದದ್ದು ಆ ಅತ್ಯುನ್ನತ ಮಾರಾಟದ 2010ರಲ್ಲೇ. ಕೊಡ್ಯಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಪರದೆಯ ಹಾದಿ ತೋರಿಸಿದ ಕ್ಯಾಸಿಯೊ ಕೂಡ 2018ರಲ್ಲಿ ಈ ವ್ಯಾಪಾರದಿಂದ ಹಿಂದೆ ಸರಿಯಿತು. ಇತ್ತೀಚಿನ ವರ್ಷಗಳಲ್ಲಿ ಎಳೆಯರು ಹಳೆಯ ಸಣ್ಣ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿರುವುದರಿಂದ ಮಾರುಕಟ್ಟೆಯಲ್ಲಿ ಒಂದಿಷ್ಟು ಚೇತರಿಕೆ ಕಂಡರೂ ಹಿಂದಿನ ಸ್ಥಾನ ಮರಳಿ ಬಂದಿಲ್ಲ.

ಚರಿತ್ರೆಕಾರನ ಕಣ್ಣಿನಿಂದ ನೋಡಿದಾಗ ಈ ಒಂದೂವರೆ ದಶಕ ಒಂದು ಆತಂಕವನ್ನೂ ಮುಂದಿಡುತ್ತದೆ. ಸಾಮಾನ್ಯರು ತಮ್ಮ ಸಾಮಾನ್ಯ ದಿನಗಳನ್ನು ಅಷ್ಟು ವಿಪುಲವಾಗಿ ದಾಖಲಿಸಿಕೊಂಡದ್ದು ಅದೇ ಮೊದಲು. ಆದರೆ ಆ ದಾಖಲೆಗಳು ಕೂತಿರುವುದು ಓದುವ ಯಂತ್ರಗಳೇ ಅಪರೂಪವಾಗಿರುವ ಸ್ಮಾರ್ಟ್‌ಮೀಡಿಯಾ, ಎಕ್ಸ್‌ಡಿ, ಮೆಮೊರಿ ಸ್ಟಿಕ್ ಕಾರ್ಡುಗಳಲ್ಲಿ, ಗೀರುಬಿದ್ದ ಸಿಡಿಗಳಲ್ಲಿ, ಕೆಟ್ಟುನಿಂತ ಕಂಪ್ಯೂಟರುಗಳಲ್ಲಿ. ಅಜ್ಜನ ಕಾಲದ ಕಪ್ಪು-ಬಿಳುಪು ಪ್ರಿಂಟು ಟ್ರಂಕಿನಲ್ಲಿ ಸುಮ್ಮನೆ ಬಿದ್ದಿದ್ದರೂ ಉಳಿಯಿತು. 2004ರ ಮಗುವಿನ ನಾಮಕರಣದ ಚಿತ್ರ ಉಳಿಯಬೇಕಾದರೆ ಯಾರಾದರೂ ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸ ಸಾಧನಕ್ಕೆ ನಕಲು ಮಾಡುತ್ತಲೇ ಇರಬೇಕು. ಎಕ್ಸಿಫ್ ಬರೆದಿಟ್ಟ ದಿನಾಂಕದಿಂದಾಗಿ ಈ ಚಿತ್ರಗಳು ಆಕರಗಳಾಗಿ ಹಿಂದಿನ ಯಾವ ಆಲ್ಬಮ್ಮಿಗಿಂತಲೂ ನಿಖರ, ಆದರೆ ಕ್ಯಾಮೆರಾದ ಗಡಿಯಾರವನ್ನು ಕೊಂಡವರು ಸರಿಪಡಿಸಿಕೊಂಡಿದ್ದರೆ ಮಾತ್ರ. ಕನ್ನಡನಾಡಿನ ಪೇಟೆಗಳು, ಮನೆಗಳು, ಉಡುಗೆಗಳು ಬಹುವೇಗದಲ್ಲಿ ಬದಲಾದ ವರ್ಷಗಳು ಇವೇ ಆಗಿರುವುದರಿಂದ, ಶಾಸನಗಳಿಗೂ ಕಡತಗಳಿಗೂ ತೋರುವ ಕಾಳಜಿಯಲ್ಲಿ ಒಂದು ಪಾಲನ್ನು ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಈ ಮನೆಚಿತ್ರಗಳಿಗೂ ತೋರುವುದು ಅಗತ್ಯ. ಕಾರ್ಡುಗಳು ಇನ್ನೂ ಓದಲು ಬರುವಾಗಲೇ, ಚಿತ್ರದಲ್ಲಿರುವವರ ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆರಂಭವಾಗಬೇಕು.