ಹೆಸರಿಲ್ಲದ ಫ್ಯೂಸುಗಳು

ಬಸವನಗುಡಿಯ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಅದರ ನಡುಮನೆಯ ಬಾಗಿಲ ಪಕ್ಕ, ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ, ತೇಗದ ಹಲಗೆಯೊಂದಿತ್ತು. ಹಲಗೆಯ ಮೇಲೆ ಎರಡು ಸಾಲಿನಲ್ಲಿ ಪಿಂಗಾಣಿಯ ಎಂಟು ಫ್ಯೂಸುಗಳು. ಯಾವುದು ಯಾವ ಕೋಣೆಗೆ ಸೇರಿದ್ದೆಂದು ತಿಳಿಸುವ ಒಂದಕ್ಷರವೂ ಅಲ್ಲಿರಲಿಲ್ಲ. ಅದರ ಮರ್ಮವೆಲ್ಲ ನಮ್ಮ ತಂದೆಯವರಿಗೆ ಮಾತ್ರ ಗೊತ್ತು. ದೀಪ ಹೋದಾಗ ಅವರು ಟಾರ್ಚನ್ನು ನನ್ನ ಕೈಗೆ ಕೊಟ್ಟು, ಸ್ಟೂಲು ಹತ್ತಿ, “ಇದಲ್ಲ, ಇದು” ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಫ್ಯೂಸು ಕಟ್ಟುತ್ತಿದ್ದರು. ಆ ಜ್ಞಾನವನ್ನು ಅವರು ಯಾರಿಗೂ ಬರೆದುಕೊಡಲಿಲ್ಲ, ನಾವೂ ಕೇಳಲಿಲ್ಲ.

ಅವರು ತೀರಿಕೊಂಡ ಮರುವರ್ಷ, 2014ರ ಮಳೆಗಾಲದಲ್ಲಿ, ಬಚ್ಚಲಿನ ದೀಪದ ಹೋಲ್ಡರು ಸಡಿಲವಾಯಿತು. ಚಿಕ್ಕಪ್ಪ ಒಂದೊಂದಾಗಿ ಫ್ಯೂಸು ಕಿತ್ತು ನೋಡಿದರು. ಕೆಳಸಾಲಿನ ಒಂದನ್ನು ಕಿತ್ತೊಡನೆ ದೀಪ ಆರಿತು. ಸರಿ, ಇದೇ ಎಂದುಕೊಂಡು ಹೋಲ್ಡರಿಗೆ ಕೈಹಾಕಿದರು. ಮರುಕ್ಷಣ ನೆಲದ ಮೇಲಿದ್ದರು. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ಆಮೇಲೆ ಬಂದ ಮಿಸ್ತ್ರಿ ಹಲಗೆಯನ್ನು ನೋಡಿ, “ನೀವು ತೆಗೆದಿದ್ದು ನ್ಯೂಟ್ರಲ್ಲಿನ ಫ್ಯೂಸು ಸ್ವಾಮೀ, ಕರೆಂಟು ಅಲ್ಲೇ ನಿಂತಿತ್ತು” ಎಂದ.

ದೀಪ ಆರಿದ ಮೇಲೂ ಕರೆಂಟು ನಿಲ್ಲುವುದೆಂದರೇನು? ಕನ್ನಡದ ಮೇಷ್ಟರಾದ ನನಗೆ ಇದು ಒಗಟಾಗಿ ಕಂಡು, ಹಳೆಯ ಕಾನೂನಿನ ಪುಸ್ತಕಗಳನ್ನು ತಿರುವಿಹಾಕತೊಡಗಿದೆ.

ಫ್ಯೂಸಿನ ಕಲ್ಪನೆ ನಮ್ಮ ದೀಪಗಳಿಗಿಂತ ಹಳೆಯದು. 1847ರಲ್ಲೇ ಫ್ರಾನ್ಸಿನ ಬ್ರೆಗೆ ಎಂಬಾತ ತಂತಿಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ನಡುವೆ ತೆಳುವಾದ ತಂತಿಯ ತುಂಡೊಂದನ್ನು ಇಡುವಂತೆ ಸೂಚಿಸಿದ್ದ. 1880ರಲ್ಲಿ ಎಡಿಸನ್ ಅದನ್ನು ದೀಪದ ವ್ಯವಸ್ಥೆಗೆ ಹೊಂದಿಸಿ ಪೇಟೆಂಟ್ ಪಡೆದ. ಮಿತಿಮೀರಿದ ವಿದ್ಯುತ್ತು ಹರಿದರೆ ತಾನು ಕರಗಿ ಮನೆಯನ್ನು ಉಳಿಸುವುದು ಅದರ ಕೆಲಸ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ; ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಬೀದಿಯ ಬೆಳಕು ಕ್ರಮೇಣ ಮನೆಗಳ ಒಳಗೆ ಬಂತು. ನಮ್ಮ ಅಜ್ಜನಂಥವರು ಸಾಗುವಳಿಯ ದುಡ್ಡಿನಲ್ಲಿ ಎರಡು ಮೂರು ದೀಪ ಹಾಕಿಸಿಕೊಂಡರು.

ಆ ಕಾಲದ ವೈರಿಂಗಿನಲ್ಲಿ ಹೋಗುವ ತಂತಿಗೊಂದು, ಬರುವ ತಂತಿಗೊಂದು, ಹೀಗೆ ಎರಡಕ್ಕೂ ಫ್ಯೂಸು ಹಾಕುವುದಿತ್ತು. ಎರಡೂ ತಂತಿಗಳು ನೆಲದ ಸಂಪರ್ಕವಿಲ್ಲದೆ ಸರಿಸಮನಾಗಿದ್ದ ವ್ಯವಸ್ಥೆಗಳಲ್ಲಿ ಅದು ವಿವೇಕವೇ. ಆದರೆ ಒಂದನ್ನು ಭೂಮಿಗೆ ಬೆಸೆದು ನ್ಯೂಟ್ರಲ್ ಮಾಡಿದ ಮೇಲೆ ಕಥೆ ಬದಲಾಯಿತು. ಆಗ ನ್ಯೂಟ್ರಲ್ಲಿನ ಫ್ಯೂಸು ಕಿತ್ತರೆ ವಿದ್ಯುತ್ತು ಹಿಂತಿರುಗುವ ದಾರಿ ಮುಚ್ಚಿ ದೀಪ ಆರುತ್ತದೆ. ಬರುವ ದಾರಿ ಮಾತ್ರ ತೆರೆದೇ ಇರುತ್ತದೆ. ಅಲ್ಲಿ ಕೈಯಿಟ್ಟವನ ದೇಹವೇ ಭೂಮಿಗೆ ದಾರಿ. ಆರಿದ ದೀಪ ಹೀಗೆ ಸುಳ್ಳು ಸಾಕ್ಷಿ ಹೇಳುತ್ತದೆ.

1910ರ ವಿದ್ಯುತ್ ಕಾಯಿದೆಯಡಿ 1956ರಲ್ಲಿ ಬಂದ ನಿಯಮಾವಳಿ ಇದನ್ನು ಸ್ಪಷ್ಟವಾಗಿ ನಿಷೇಧಿಸಿತು. ಭೂಮಿಗೆ ಬೆಸೆದ ತಂತಿಯನ್ನು ಬೇರೆಯೆಂದು ಗುರುತಿಸುವ ಶಾಶ್ವತ ಚಿಹ್ನೆ ಇರಬೇಕು. ಅದರಲ್ಲಿ ಪ್ರತ್ಯೇಕ ಫ್ಯೂಸು ಹೊಸದಾಗಿ ಹಾಕಕೂಡದು, ಇದ್ದದ್ದು ಉಳಿಯಲೂ ಕೂಡದು. 2010ರಲ್ಲಿ ಹೊಸ ಕಟ್ಟಳೆಗಳು ಬಂದಾಗಲೂ ಈ ನಿಷೇಧ ಉಳಿದುಕೊಂಡಿತು. ವೈರಿಂಗಿನ ರಾಷ್ಟ್ರೀಯ ಮಾನಕವಾದ ಐ.ಎಸ್. 732 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಹಲಗೆಯೂ ತಾನು ಆಳುವ ಸರ್ಕ್ಯೂಟುಗಳ ಪಟ್ಟಿಯನ್ನೂ ಫ್ಯೂಸಿನ ಅಳತೆಯನ್ನೂ ಹೊತ್ತಿರಬೇಕೆಂದು ಹೇಳುತ್ತದೆ. ನಮ್ಮ ಹಲಗೆ 1956ರಿಂದ 2014ರವರೆಗೆ, 58 ವರ್ಷ, ಈ ಯಾವ ಸುದ್ದಿಯೂ ಮುಟ್ಟದೆ ಗೋಡೆಯ ಮೇಲೆ ಕುಳಿತಿತ್ತು.

ಇನ್ನೊಂದು ವಿಚಿತ್ರ. ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ತಲೆಬುರುಡೆಯ ಚಿತ್ರವೂ ‘ಅಪಾಯ’ ಎಂಬ ಬರಹವೂ ಇರುವುದನ್ನು ವಾಚಕರೆಲ್ಲ ಕಂಡಿರುತ್ತಾರೆ. ಆ ಎಚ್ಚರಿಕೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬುದು ಅದೇ 1956ರ ನಿಯಮಾವಳಿಯ ಮಾತು; ಕನ್ನಡದವನಾಗಿ ನಾನದನ್ನು ಮೆಚ್ಚುತ್ತೇನೆ. (ಸಂಸ್ಕೃತದಲ್ಲಿ ‘ಅಪಾಯ’ಕ್ಕೆ ಹೊರಟುಹೋಗುವುದೆಂಬ ಅರ್ಥವೂ ಉಂಟು, ಫ್ಯೂಸು ‘ಹೋಯಿತು’ ಎನ್ನುವ ನಮ್ಮ ಮಾತಿಗೆ ಅದು ದೂರದ ನೆಂಟ.) ಆದರೆ ಅದು 250 ವೋಲ್ಟಿಗಿಂತ ಹೆಚ್ಚಿನದಕ್ಕೆ. ಮನೆಗೆ ಬರುವ 230 ವೋಲ್ಟು ಕಾನೂನಿನ ಭಾಷೆಯಲ್ಲಿ ‘ಕಡಿಮೆ’. ಚಿಕ್ಕಪ್ಪನನ್ನು ಕೆಡವಿದ್ದು ಆ ಕಡಿಮೆಯೇ.

ಹಲಗೆ ಈಗಿಲ್ಲ. ಅದರ ಜಾಗದಲ್ಲಿ ಕಬ್ಬಿಣದ ಪೆಟ್ಟಿಗೆ, ತಾನಾಗಿ ಬೀಳುವ ಸ್ವಿಚ್ಚುಗಳು. ಮಿಸ್ತ್ರಿ ಒಂದೊಂದರ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರವೊಂದು ಅಂಕಿಯೊಂದು ಬರೆದಿದ್ದ. ಅಮ್ಮ ಅದನ್ನು ನೋಡಿ, “ಇದು ನನಗೇನು ತಿಳಿಯಬೇಕು?” ಎಂದರು. ನಾನು ಚೀಟಿ ಕತ್ತರಿಸಿ ಅವರ ಮಾತಿನಲ್ಲೇ ಬರೆದೆ: ನಡುಮನೆ, ಅಡಿಗೆಮನೆ, ಬಚ್ಚಲು. ನಾಲ್ಕನೆಯದಕ್ಕೆ ಹೆಸರು ಸಿಗಲಿಲ್ಲ. ಅದನ್ನು ಹಾಕಿದರೂ ತೆಗೆದರೂ ಮನೆಯಲ್ಲಿ ಏನೂ ಹತ್ತಲಿಲ್ಲ, ಆರಲಿಲ್ಲ.

ಅಮ್ಮ ಬಹಳ ಹೊತ್ತು ಯೋಚಿಸಿ, “ನಿಮ್ಮಪ್ಪ ಬಾವಿಗೆ ಮೋಟಾರು ಹಾಕಿಸಿದ್ದರಲ್ಲ” ಎಂದರು. ಬಾವಿ ಮುಚ್ಚಿಸಿ ಇಪ್ಪತ್ತು ವರ್ಷವಾಗಿತ್ತು. ಹಿತ್ತಿಲಿಗೆ ಹೋಗಿ ನೋಡಿದೆವು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಗೋಡೆಯಿಂದ ಎರಡು ತಂತಿ ಗೇಣುದ್ದ ಹೊರಗೆ ಚಾಚಿದ್ದವು. ಮಿಸ್ತ್ರಿ ಟೆಸ್ಟರು ಮುಟ್ಟಿಸಿದ. ಅದರೊಳಗಿನ ಪುಟ್ಟ ದೀಪ ಹೊತ್ತಿಕೊಂಡಿತು.