ಪೆರಿಯ ಧ್ವನಿ: ‘ಇಲ್ ಗ್ವಾರನಿ’ ಆಪೆರಾದ ಟೆನರ್ ಪಾತ್ರ ನಡೆದು ಬಂದ ದಾರಿ

ಪೀಠಿಕೆ

1870ರ ಮಾರ್ಚ್ 19ರಂದು ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ‘ಇಲ್ ಗ್ವಾರನಿ’ ಎಂಬ ಆಪೆರಾ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಅದರ ಸಂಗೀತ ರಚಿಸಿದವರು ಬ್ರೆಜಿಲ್‌ನ ಕಾಂಪಿನಾಸ್ ಊರಿನ ಕಾರ್ಲೋಸ್ ಗೋಮೆಸ್. ಆಗ ಅವರ ವಯಸ್ಸು 33. ಅಮೆರಿಕ ಖಂಡಗಳಲ್ಲಿ ಹುಟ್ಟಿದ ಸಂಗೀತಕಾರರೊಬ್ಬರು ಯುರೋಪಿನ ಆಪೆರಾ ಲೋಕದಲ್ಲಿ ಗಳಿಸಿದ ಮೊದಲ ದೊಡ್ಡ ಗೆಲುವು ಇದು. ಗೋಮೆಸ್ ಕುರಿತ ಬರವಣಿಗೆ ಬಹುಪಾಲು ಈ ಗೆಲುವಿನ ಸುತ್ತಲೇ ಸುತ್ತುತ್ತದೆ.

ಪ್ರಸ್ತುತ ಲೇಖನ ಆಪೆರಾದ ನಾಯಕನನ್ನು ಹಿಡಿದು ಹೊರಡುತ್ತದೆ. ಅವನ ಹೆಸರು ಪೆರಿ, ಬ್ರೆಜಿಲ್‌ನ ಮೂಲನಿವಾಸಿ. ಗೋಮೆಸ್ ಅವನಿಗೆ ಕೊಟ್ಟದ್ದು ಟೆನರ್ ಧ್ವನಿ, ಅಂದರೆ ಗಂಡು ಕಂಠದ ಎತ್ತರದ ಶ್ರೇಣಿ. ಈ ಪಾತ್ರವನ್ನು ಯಾರು ಹಾಡಿದರು, ಯಾವ ಭಾಷೆಯಲ್ಲಿ ಹಾಡಿದರು, ಯಾರ ಮುಂದೆ ಹಾಡಿದರು ಎಂದು ಒಂದೂವರೆ ಶತಮಾನದುದ್ದಕ್ಕೂ ಗಮನಿಸಿದರೆ ಒಂದು ಸತ್ಯ ಹೊರಬರುತ್ತದೆ. ಮೂಲನಿವಾಸಿಗೆ ರಂಗದ ಮೇಲೆ ಸಿಕ್ಕ ಗೌರವ ನಾಡಿನೊಳಗೆ ಸಿಗಲಿಲ್ಲ. ಆ ಅಂತರವನ್ನು ಇದೇ ಕೃತಿಯ ಮೂಲಕ ಪ್ರಶ್ನಿಸುವ ದಾರಿಯೂ ಕೊನೆಗೆ ತೆರೆದುಕೊಂಡಿತು ಎಂಬುದು ಈ ಲೇಖನದ ವಾದ.

ಕಾಂಪಿನಾಸ್‌ನಿಂದ ಮಿಲಾನ್‌ಗೆ

ಗೋಮೆಸ್ ಹುಟ್ಟಿದ್ದು 1836ರ ಜುಲೈ 11ರಂದು. ತಂದೆ ಮಾನುಯೆಲ್ ಜೊಸೆ ಗೋಮೆಸ್ ಊರಿನ ಬ್ಯಾಂಡ್ ಮೇಳದ ಮುಖ್ಯಸ್ಥರು. ಮನೆಯಲ್ಲೇ ಸಂಗೀತ ಕಲಿತ ಮಗ ಮುಂದೆ ರಾಜಧಾನಿ ರಿಯೊ ಡಿ ಜನೈರೊಗೆ ಹೋಗಿ ಅಲ್ಲಿನ ಸಂಗೀತ ಶಾಲೆ ಸೇರಿದರು. ಬ್ರೆಜಿಲ್‌ನ ರಾಷ್ಟ್ರಗೀತೆಗೆ ರಾಗ ಹಾಕಿದ ಫ್ರಾನ್ಸಿಸ್ಕೊ ಮಾನುಯೆಲ್ ದ ಸಿಲ್ವಾ ಆ ಶಾಲೆಯನ್ನು ನಡೆಸುತ್ತಿದ್ದರು. 1861 ಮತ್ತು 1863ರಲ್ಲಿ ಗೋಮೆಸ್ ಅವರ ಎರಡು ಪೋರ್ಚುಗೀಸ್ ಆಪೆರಾಗಳು ರಿಯೊದಲ್ಲಿ ಪ್ರದರ್ಶನ ಕಂಡವು. ಚಕ್ರವರ್ತಿ ಎರಡನೆಯ ಪೆದ್ರೊ ಅವರ ಆಸರೆಯಲ್ಲಿ ಯುರೋಪಿಗೆ ಹೊರಟ ಗೋಮೆಸ್ ಮಿಲಾನ್‌ನಲ್ಲಿ ನೆಲೆಸಿ, ಲಾವ್ರೊ ರೊಸ್ಸಿ ಅವರ ಬಳಿ ಕಲಿತು 1866ರಲ್ಲಿ ಅರ್ಹತಾ ಪತ್ರ ಪಡೆದರು.

‘ಇಲ್ ಗ್ವಾರನಿ’ಗೆ ಮೂಲ ಜೊಸೆ ದ ಅಲೆಂಕಾರ್ ಅವರ ‘ಒ ಗ್ವಾರನಿ’ ಕಾದಂಬರಿ. ಅದು 1857ರಲ್ಲಿ ರಿಯೊದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾಗಿತ್ತು. ಬ್ರೆಜಿಲ್ 1822ರಲ್ಲಷ್ಟೇ ಪೋರ್ಚುಗಲ್‌ನಿಂದ ಸ್ವತಂತ್ರವಾಗಿತ್ತು. ಹೊಸ ದೇಶಕ್ಕೆ ತನ್ನದೇ ಆದ ಪುರಾಣವೊಂದು ಬೇಕಿತ್ತು. ಯುರೋಪಿನ ಶೌರ್ಯಕಥೆಗಳ ವೀರಯೋಧರ ಜಾಗದಲ್ಲಿ ಲೇಖಕರು ಕಾಡಿನ ವೀರನನ್ನು ತಂದು ನಿಲ್ಲಿಸಿದರು. ಆದರೆ ಆ ವೀರ ನೂರಾರು ವರ್ಷ ಹಿಂದಿನವನು. ತಮ್ಮ ಕಾಲದಲ್ಲಿ ನೆಲ ಕಳೆದುಕೊಳ್ಳುತ್ತಿದ್ದ ಸಮುದಾಯಗಳ ಬಗ್ಗೆ ಈ ಸಾಹಿತ್ಯ ಹೆಚ್ಚು ಮಾತನಾಡಲಿಲ್ಲ. ಕಾದಂಬರಿಯ ಪೆರಿ ನಿಜಕ್ಕೂ ರಿಯೊ ಕರಾವಳಿಯ ಗೊಯ್ತಕಾ ಜನಾಂಗದವನು. ಗ್ವಾರನಿ ಜನರ ನೆಲೆ ಅಲ್ಲಿಂದ ದಕ್ಷಿಣಕ್ಕೆ. ಆಪೆರಾ ಮಾತ್ರ ಅವನನ್ನು ಗ್ವಾರನಿ ಜನರ ನಾಯಕನೆಂದೇ ಪರಿಚಯಿಸುತ್ತದೆ.

ನಾಯಕನ ಶ್ರೇಣಿ ಪಡೆದ ಮೂಲನಿವಾಸಿ

ಆಪೆರಾದ ಕಥೆ ನಡೆಯುವುದು 1560ರ ಸುಮಾರಿಗೆ, ರಿಯೊ ಸಮೀಪದ ಕಾಡಿನಂಚಿನ ಕೋಟೆಯಲ್ಲಿ. ಕೋಟೆಯ ಒಡೆಯ ಪೋರ್ಚುಗೀಸ್ ಶ್ರೀಮಂತ ದೊನ್ ಅಂತೋನಿಯೊ. ಅವನ ಮಗಳು ಸೆಸಿಲಿಯಾ. ಬೆಳ್ಳಿಯ ಗಣಿಗೂ ಅವಳಿಗೂ ಆಸೆಪಟ್ಟು ಸಂಚು ಹೂಡುವವನು ಸ್ಪೇನ್‌ನ ಗೊನ್ಸಾಲೆಸ್. ಕೋಟೆಯ ಮೇಲೆ ಬೀಳುವವರು ಐಮೊರೆ ಎಂಬ ಕಾಡು ಜನ. ಎಲ್ಲರಿಂದಲೂ ಸೆಸಿಲಿಯಾಳನ್ನು ಕಾಪಾಡುವವನು ಪೆರಿ. ಕೊನೆಯ ಅಂಕದಲ್ಲಿ ಅಂತೋನಿಯೊ ಪೆರಿಗೆ ಕ್ರೈಸ್ತ ದೀಕ್ಷೆ ಕೊಟ್ಟು, ಮಗಳನ್ನು ಅವನ ಕೈಗೊಪ್ಪಿಸಿ, ಶತ್ರುಗಳ ಸಮೇತ ಕೋಟೆಯನ್ನು ಸ್ಫೋಟಿಸಿ ಸಾಯುತ್ತಾನೆ.

ಇಟಲಿಯ ಆಪೆರಾದಲ್ಲಿ ಧ್ವನಿಗಳ ಹಂಚಿಕೆಗೆ ಗಟ್ಟಿಯಾದ ಸಂಪ್ರದಾಯವಿದೆ. ಪ್ರೇಮಿ ಟೆನರ್, ಅವನ ಎದುರಾಳಿ ಮಧ್ಯಮ ಶ್ರೇಣಿಯ ಬ್ಯಾರಿಟೋನ್, ತಂದೆ ಅಥವಾ ಪುರೋಹಿತ ತಗ್ಗು ಶ್ರೇಣಿಯ ಬಾಸ್. ಹಾಡು ಶುರುವಾದೊಡನೆ ಯಾರ ಪರ ನಿಲ್ಲಬೇಕೆಂದು ಕೇಳುಗನ ಕಿವಿಗೆ ಗೊತ್ತಾಗಿಬಿಡುತ್ತದೆ. ಈ ಹಿನ್ನೆಲೆಯಲ್ಲಿ ಗೋಮೆಸ್ ಅವರ ಆಯ್ಕೆಗೆ ತೂಕ ಬರುತ್ತದೆ. ಅವರು ಬಿಳಿಯನಾದ ಗೊನ್ಸಾಲೆಸ್‌ಗೆ ಬ್ಯಾರಿಟೋನ್ ಕೊಟ್ಟು, ಪೆರಿಯನ್ನು ಟೆನರ್ ಮಾಡಿದರು.

ಇದರ ಹೊಸತನ ತಿಳಿಯಲು ಅದೇ ಕಾಲದ ಬೇರೆ ಕೃತಿಗಳನ್ನು ಪಕ್ಕಕ್ಕಿಟ್ಟು ನೋಡಬೇಕು. 1865ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಮೇಯರ್‌ಬೇರ್ ಅವರ ‘ಲಾಫ್ರಿಕೇನ್’ನಲ್ಲಿ ಟೆನರ್ ನಾಯಕ ವಾಸ್ಕೊ ಡ ಗಾಮ. ಅವನನ್ನು ಪ್ರೀತಿಸುವ ದೂರದೇಶದ ರಾಣಿ ಸೆಲಿಕಾ ಅವನನ್ನು ಬಿಟ್ಟುಕೊಟ್ಟು ಪ್ರಾಣ ಬಿಡುತ್ತಾಳೆ. 1883ರ ‘ಲಕ್ಮೇ’ಯಲ್ಲಿ ಟೆನರ್ ಒಬ್ಬ ಬ್ರಿಟಿಷ್ ಅಧಿಕಾರಿ. ಅವನಿಗೆ ಮನಸೋತ ಭಾರತದ ಬ್ರಾಹ್ಮಣ ಪುರೋಹಿತನ ಮಗಳು ದತ್ತೂರ ತಿಂದು ಸಾಯುತ್ತಾಳೆ. ಎರಡರಲ್ಲೂ ವಿಜೇತನದೇ ನಾಯಕನ ಕಂಠ, ಸೋತ ನಾಡಿನ ಹೆಣ್ಣಿನದೇ ಸಾವು. ‘ಇಲ್ ಗ್ವಾರನಿ’ಯಲ್ಲಿ ನೆಲದ ಮಗನೇ ನಾಯಕ, ಅವನು ಬದುಕಿ ಉಳಿಯುತ್ತಾನೆ, ಅವನ ಜೊತೆ ಹೊರಡುವವಳು ಪೋರ್ಚುಗೀಸ್ ಹೆಣ್ಣು. ಪ್ಯಾರಿಸ್‌ನಲ್ಲಿ ಸೆಲಿಕಾ ಪಾತ್ರವನ್ನು ಮೊದಲು ಹಾಡಿದ ಮರಿ ಸಾಸ್ ಅವರೇ ಐದು ವರ್ಷಗಳ ನಂತರ ಮಿಲಾನ್‌ನಲ್ಲಿ ಸೆಸಿಲಿಯಾ ಆದರು. ತಿರುಗುಮುರುಗಾದ ಈ ಎರಡು ಕಥೆಗಳು ಒಬ್ಬಳೇ ಗಾಯಕಿಯ ವೃತ್ತಿಜೀವನದೊಳಗೆ ಸಂಧಿಸುತ್ತವೆ.

ಮೊದಲ ಅಂಕದಲ್ಲಿ ಪೆರಿ ತನ್ನ ಹೆಸರನ್ನೂ ಕುಲವನ್ನೂ ತಾನೇ ಘೋಷಿಸಿಕೊಂಡು ಬರುತ್ತಾನೆ. ತನ್ನನ್ನೇಕೆ ಕಾಯುತ್ತೀಯೆ ಎಂದು ಸೆಸಿಲಿಯಾ ಕೇಳಿದಾಗ ಶುರುವಾಗುವ ಯುಗಳ ಗೀತೆ ಈ ಕೃತಿಯ ಅತ್ಯಂತ ಜನಪ್ರಿಯ ಭಾಗ. ತನ್ನನ್ನು ಅವಳೆಡೆಗೆ ಎಳೆಯುವ ಬಲವನ್ನು ವಿವರಿಸಲಾರದ ಪೆರಿಯ ತಡವರಿಕೆಯನ್ನು ಗೋಮೆಸ್ ನೀಳವಾದ, ಮೆಲ್ಲಗೆ ಮೇಲೇರುವ ಸ್ವರಪಂಕ್ತಿಯಾಗಿ ಹೆಣೆದಿದ್ದಾರೆ. ಎರಡನೆಯ ಅಂಕದಲ್ಲಿ ಅವನು ಒಂಟಿಯಾಗಿ ಹಾಡುವಾಗ ಅದೇ ಧ್ವನಿ ಕುಲದ ಹೆಮ್ಮೆಯಿಂದ ಬಿಗಿಯಾಗುತ್ತದೆ. ಕೋಮಲ ಪ್ರೇಮಿಯ ನಯ, ರಣಧೀರನ ಕಸುವು ಎರಡೂ ಒಂದೇ ಕಂಠದಲ್ಲಿ ಬೇಕು. ಪೆರಿ ಕಷ್ಟದ ಪಾತ್ರವೆನಿಸಿರುವುದು ಇದಕ್ಕಾಗಿಯೇ.

ಈ ಗೌರವಕ್ಕೆ ಮಿತಿಯೂ ಇದೆ. ಕೃತಿಯಲ್ಲಿ ಇಬ್ಬರು ಮೂಲನಿವಾಸಿ ಮುಖಂಡರಿದ್ದಾರೆ. ಬಿಳಿಯರ ಪರ ನಿಂತ ಪೆರಿ ನಾಯಕ. ಅವರನ್ನು ಎದುರಿಸಿದ ಐಮೊರೆ ಮುಖಂಡ ನರಭಕ್ಷಕ. ಪೆರಿ ಕೂಡ ತನ್ನ ದೇವರನ್ನು ಬಿಟ್ಟ ಮೇಲೆಯೇ ಸೆಸಿಲಿಯಾಳ ಕೈ ಹಿಡಿಯಬಲ್ಲ. ಐಮೊರೆ ಎಂಬುದು ಬೊತೊಕುದೊ ಜನಾಂಗದ ಹಳೆಯ ಹೆಸರು. ಪೋರ್ಚುಗೀಸ್ ರಾಜಪ್ರತಿನಿಧಿ ಜೊವಾವ್ 1808ರ ಮೇ 13ರ ಆದೇಶದಲ್ಲಿ ಈ ಜನರ ವಿರುದ್ಧ ಅಧಿಕೃತವಾಗಿಯೇ ಯುದ್ಧ ಸಾರಿದ್ದ. ಆ ಆದೇಶ ರದ್ದಾದದ್ದು 1831ರಲ್ಲಿ. ಯಾರ ಮೇಲೆ ಸರ್ಕಾರ ಸೇನೆ ಕಳಿಸಿತ್ತೋ ಅವರನ್ನೇ ರಂಗದ ಮೇಲೆ ರಾಕ್ಷಸರನ್ನಾಗಿ ತೋರಿಸಲಾಯಿತು.

1870: ರಂಗ ಮತ್ತು ರಣ

ಮೊದಲ ಪ್ರದರ್ಶನದಲ್ಲಿ ಪೆರಿಯಾಗಿ ಹಾಡಿದವರು ಜುಸೆಪ್ಪೆ ವಿಲ್ಲಾನಿ. ಐಮೊರೆ ಮುಖಂಡನಾಗಿ ಹಾಡಿದ ವಿಕ್ತರ್ ಮೊರೆಲ್ ಆಗ ಹೊಸಬರು; ಮುಂದೆ ವೆರ್ದಿಯವರ ‘ಒಥೆಲೊ’ದ ಇಯಾಗೊ, ‘ಫಾಲ್‌ಸ್ಟಾಫ್’ನ ನಾಯಕ ಪಾತ್ರಗಳನ್ನು ಮೊದಲಿಗೆ ಹಾಡಿ ಹೆಸರಾದರು. ಕೃತಿ ಬೇಗನೆ ಊರೂರು ಸುತ್ತಿತು. 1872ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ತಲುಪಿತು. ರಿಯೊದಲ್ಲಿ ಅದು ಪ್ರದರ್ಶನಗೊಂಡದ್ದು 1870ರ ಡಿಸೆಂಬರ್ 2ರಂದು, ಚಕ್ರವರ್ತಿಯ ಹುಟ್ಟುಹಬ್ಬದ ದಿನ. ಇಂದು ಎಲ್ಲರಿಗೂ ಪರಿಚಿತವಾದ ಪ್ರಾರಂಭಿಕ ವಾದ್ಯಸಂಗೀತವನ್ನು ಗೋಮೆಸ್ ಆಮೇಲೆ ಬರೆದು ಸೇರಿಸಿದರು.

ಆ ವರ್ಷದ ಇನ್ನೊಂದು ಘಟನೆಯನ್ನು ಇದರ ಜೊತೆಗಿಟ್ಟು ಓದಲೇಬೇಕು. 1864ರಿಂದ ನಡೆದಿದ್ದ ಪರಾಗ್ವೆ ಯುದ್ಧ 1870ರ ಮಾರ್ಚ್ 1ರಂದು ಮುಗಿಯಿತು. ಅಂದು ಬ್ರೆಜಿಲ್ ಸೈನಿಕರು ಪರಾಗ್ವೆಯ ಆಡಳಿತಗಾರ ಸೊಲಾನೊ ಲೊಪೆಸ್‌ನನ್ನು ಕೊಂದರು. ಪರಾಗ್ವೆಯ ಜನಸಾಮಾನ್ಯರ ಮಾತು ಗ್ವಾರನಿ. ಯುದ್ಧ ಆ ದೇಶದ ಜನಸಂಖ್ಯೆಯ ದೊಡ್ಡ ಪಾಲನ್ನೇ ನುಂಗಿತ್ತು. ಇದಾದ 18 ದಿನಕ್ಕೆ ಮಿಲಾನ್‌ನಲ್ಲಿ ಬ್ರೆಜಿಲ್‌ನ ಹೆಮ್ಮೆಯಾಗಿ ಗ್ವಾರನಿ ವೀರನೊಬ್ಬ ಹಾಡಿದ. ಈ ಎರಡರ ನಡುವೆ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಒಂದೇ ತಿಂಗಳಿನ ಈ ಎರಡು ಸಂಗತಿಗಳು ಅಂದಿನ ಸಾಮ್ರಾಜ್ಯದ ಮನಸ್ಸನ್ನು ಯಾವ ದೀರ್ಘ ವಿಶ್ಲೇಷಣೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತವೆ.

ಧ್ವನಿ ಕೈಬಿಟ್ಟ ಹೊತ್ತು

ಗೋಮೆಸ್ ಇನ್ನೊಮ್ಮೆ ಬ್ರೆಜಿಲ್‌ನ ವಸ್ತುವಿಗೆ ಮರಳಿದ್ದು ‘ಲೊ ಸ್ಕಿಯಾವೊ’, ಅಂದರೆ ‘ಗುಲಾಮ’ ಆಪೆರಾದಲ್ಲಿ. ಆಫ್ರಿಕಾ ಮೂಲದ ಗುಲಾಮರ ಕಥೆಯಾಗಿ ಹೊಳೆದ ವಸ್ತು ಸಾಹಿತ್ಯ ಸಿದ್ಧವಾಗುವಾಗ 1567ರ ಮೂಲನಿವಾಸಿಗಳ ಕಥೆಯಾಗಿ ಮಾರ್ಪಟ್ಟಿತು. 1889ರ ಸೆಪ್ಟೆಂಬರ್ 27ರಂದು ರಿಯೊದಲ್ಲಿ ಅದು ಪ್ರದರ್ಶನಗೊಂಡಾಗ ಗುಲಾಮಗಿರಿ ರದ್ದಾಗಿ ಒಂದು ವರ್ಷ ದಾಟಿತ್ತಷ್ಟೆ.

ಈ ಕೃತಿಯಲ್ಲಿ ಧ್ವನಿಗಳ ಹಂಚಿಕೆ ಹಳೆಯ ಜಾಡಿಗೆ ಮರಳಿದೆ. ಟೆನರ್ ಪೋರ್ಚುಗೀಸ್ ಒಡೆಯನ ಮಗ ಅಮೆರಿಕೊ. ಗುಲಾಮ ಇಬೆರೆ ಬ್ಯಾರಿಟೋನ್, ಪ್ರೇಮಿಗಳಿಗಾಗಿ ಪ್ರಾಣ ಕೊಡುವವನು ಅವನೇ. ಇಬೆರೆಯ ಸಂಗೀತ ಆಳವಾದದ್ದು, ಕರುಣೆ ಉಕ್ಕಿಸುವಂಥದ್ದು. ಆದರೂ ಪ್ರೀತಿಸಿ ಗೆಲ್ಲುವ ಅಧಿಕಾರ ಅವನಿಗಿಲ್ಲ. ಪೆರಿಗೆ ಸಿಕ್ಕ ಸ್ಥಾನ ಎಷ್ಟು ಅಪರೂಪದ್ದೆಂದು ಅದೇ ಸಂಗೀತಕಾರರ ಮುಂದಿನ ಕೃತಿಯೇ ಹೇಳುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ ಸಾಮ್ರಾಜ್ಯ ಉರುಳಿ ಗಣರಾಜ್ಯ ಬಂತು. ಆಸರೆಯಾಗಿದ್ದ ಚಕ್ರವರ್ತಿ ದೇಶ ಬಿಟ್ಟರು. ಗೋಮೆಸ್ ಕೊನೆಗೆ ಅಮೆಜಾನ್ ಮುಖಜ ಭೂಮಿಯ ಬೆಲೆಂ ನಗರದ ಸಂಗೀತ ಶಾಲೆಯ ಹೊಣೆ ವಹಿಸಿಕೊಂಡು, ಅಲ್ಲೇ 1896ರ ಸೆಪ್ಟೆಂಬರ್ 16ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು.

ಇಟಲಿಯ ಭಾಷೆ, ಬ್ರೆಜಿಲ್‌ನ ಕಿವಿ

20ನೇ ಶತಮಾನದಲ್ಲಿ ಪೆರಿ ಎರಡು ಬಗೆಯಲ್ಲಿ ಬದುಕಿದ. ಹೊರಗಿನ ಲೋಕಕ್ಕೆ ಅವನು ಬಿಡಿ ಹಾಡಾಗಿ ಉಳಿದ. 1914ರಲ್ಲಿ ಎನ್ರಿಕೊ ಕರುಸೊ, ಎಮ್ಮಿ ಡೆಸ್ಟಿನ್ ಜೊತೆಗೂಡಿ ಮೊದಲ ಅಂಕದ ಯುಗಳ ಗೀತೆಯನ್ನು ಧ್ವನಿಮುದ್ರಿಸಿದರು. ಇಡೀ ಕೃತಿಯನ್ನು ರಂಗದ ಮೇಲೆ ಎಂದೂ ನೋಡದವರೂ ಪೆರಿಯನ್ನು ಕೇಳಿದ್ದು ಈ ಗ್ರಾಮಫೋನ್ ತಟ್ಟೆಯಿಂದ.

ಬ್ರೆಜಿಲ್‌ನೊಳಗೆ ಈ ಸಂಗೀತ ಸರ್ಕಾರದ ಗುರುತಾಯಿತು. 1911ರ ಸೆಪ್ಟೆಂಬರ್ 12ರಂದು ಸಾವ್ ಪಾವ್ಲೊದ ಮುನಿಸಿಪಲ್ ರಂಗಮಂದಿರ ಫ್ರೆಂಚ್ ಆಪೆರಾ ಒಂದರಿಂದ ಉದ್ಘಾಟನೆಯಾಗಬೇಕಿದ್ದಾಗ, ನಾಡಿನ ಕೃತಿಗೆ ಜಾಗವಿಲ್ಲವೇ ಎಂಬ ಒತ್ತಾಯಕ್ಕೆ ಮಣಿದು ‘ಇಲ್ ಗ್ವಾರನಿ’ಯ ಪ್ರಾರಂಭಿಕ ಸಂಗೀತವನ್ನು ನುಡಿಸಲಾಯಿತು. ಸರ್ಕಾರಿ ಸುದ್ದಿಗಳನ್ನು ಕೆಲಸದ ದಿನಗಳ ಸಂಜೆ ಬಿತ್ತರಿಸುವ ‘ಅ ವೊಸ್ ದು ಬ್ರಸಿಲ್’ ರೇಡಿಯೊ ಕಾರ್ಯಕ್ರಮ ಶುರುವಾಗುತ್ತಿದ್ದುದೂ ಅದರ ಮೊದಲ ಸ್ವರಗಳಿಂದಲೇ. 1959ರಲ್ಲಿ ಅರ್ಮಾಂದೊ ಬೆಲಾರ್ದಿ ನಿರ್ದೇಶನದಲ್ಲಿ ಬ್ರೆಜಿಲ್‌ನಲ್ಲೇ ತಯಾರಾದ ಧ್ವನಿಮುದ್ರಣದಲ್ಲಿ ಮನ್ರಿಕೊ ಪತಸ್ಸಿನಿ ಪೆರಿಯಾಗಿ, ನಿಸಾ ದ ಕಾಸ್ತ್ರೊ ತಾಂಕ್ ಸೆಸಿಲಿಯಾ ಆಗಿ ಹಾಡಿದರು. ಹಲವು ದಶಕಗಳ ಕಾಲ ಆಸಕ್ತರಿಗೆ ಅದೇ ಆಧಾರ.

1994ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಪ್ಲಾಸಿದೊ ದೊಮಿಂಗೊ ಈ ಪಾತ್ರ ವಹಿಸಿದಾಗ ಕೃತಿ ಮತ್ತೆ ಜಗತ್ತಿನ ಗಮನ ಸೆಳೆಯಿತು. ರಂಗನಿರ್ದೇಶನ ವೆರ್ನರ್ ಹೆರ್ಜೊಗ್ ಅವರದು, ಸಂಗೀತ ನಿರ್ವಹಣೆ ಬ್ರೆಜಿಲ್‌ನ ಜಾನ್ ನೆಶ್ಲಿಂಗ್ ಅವರದು. ಪೆರಿಗೆ ಇದಕ್ಕಿಂತ ದೊಡ್ಡ ಕಂಠ ಸಿಗುವುದು ಕಷ್ಟ. ಆದರೂ 124 ವರ್ಷಗಳ ನಂತರವೂ ಗ್ವಾರನಿ ನಾಯಕನೆಂದರೆ ಇಟಲಿಯ ಭಾಷೆಯಲ್ಲಿ ಹಾಡುವ, ವೇಷ ಧರಿಸಿದ ಹೊರಗಿನವನೇ ಆಗಿದ್ದ.

ಸಾವ್ ಪಾವ್ಲೊ, 2023

ಹೊರಗಿನವನ ಈ ವೇಷದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು 2023ರ ಮೇ ತಿಂಗಳಲ್ಲಿ ಸಾವ್ ಪಾವ್ಲೊ ಮುನಿಸಿಪಲ್ ರಂಗಮಂದಿರದ ಪ್ರಯೋಗ. ಪರಿಕಲ್ಪನೆ ಚಿಂತಕ ಐಲ್ತೊನ್ ಕ್ರೆನಾಕ್ ಅವರದು, ರಂಗನಿರ್ದೇಶನ ಸಿಬೆಲೆ ಫೊರ್ಜಾಸ್ ಅವರದು, ಸಂಗೀತ ನಿರ್ವಹಣೆ ರೊಬೆರ್ತೊ ಮಿಂಚುಕ್ ಅವರದು. ಪೆರಿಯನ್ನು ಇಲ್ಲಿ ಇಬ್ಬರಾಗಿ ಒಡೆಯಲಾಯಿತು. ಹಾಡುವ ಟೆನರ್ ಒಬ್ಬ, ಅವನ ಜೊತೆ ರಂಗದ ಮೇಲಿರುವ ಗ್ವಾರನಿ ಜನಾಂಗದ ನಟ ದವಿ ವೆರಾ ಪೊಪಿಗುವಾ ಇನ್ನೊಬ್ಬ. ಸೆಸಿಲಿಯಾಳ ಜೋಡಿಯಾಗಿ ಮೂಲನಿವಾಸಿ ಕಲಾವಿದೆ ಸಾಹಿ ತೆಂತೆಹಾರ್ ಇದ್ದರು. ಟೆನರ್ ಭಾಗವನ್ನು ಸರದಿಯಂತೆ ಹಾಡಿದವರಲ್ಲಿ ಅತಲ್ಲಾ ಅಯಾನ್ ಒಬ್ಬರು. ಇವರು ಗೋಮೆಸ್ ಕೊನೆಯುಸಿರೆಳೆದ ಬೆಲೆಂ ನಗರದಲ್ಲೇ ಹುಟ್ಟಿ, ಜರ್ಮನಿಯ ಸ್ಟುಟ್‌ಗಾರ್ಟ್ ಆಪೆರಾ ಮೂಲಕ ಯುರೋಪಿನಲ್ಲಿ ಬೆಳೆದ ಗಾಯಕರು.

ರಂಗಕ್ಕೆ ಬಂದ ಗ್ವಾರನಿ ಮೇಳ ದೂರದ ಕಾಡಿನದಲ್ಲ. ಅದೇ ಮಹಾನಗರದ ಅಂಚಿನ ಜರಾಗ್ವಾ ಬೆಟ್ಟದ ತಪ್ಪಲಿನದು. ಅಲ್ಲಿನ ಗ್ವಾರನಿ ಜನರಿಗೆ 1987ರಲ್ಲಿ ಸರ್ಕಾರ ಖಾತ್ರಿಪಡಿಸಿದ ನೆಲ 1.7 ಹೆಕ್ಟೇರ್, ಅಂದರೆ ನಾಲ್ಕು ಎಕರೆಗೆ ತುಸು ಹೆಚ್ಚು. ಗ್ವಾರನಿ ವೀರನ ಹೆಸರಿನ ಸಂಗೀತದಿಂದ ತನ್ನ ರಂಗಮಂದಿರ ತೆರೆದ ನಗರದೊಳಗಿನ ಈ ಗ್ವಾರನಿ ಜನರಿಗೆ ಆಗ ಸಿಕ್ಕ ಪಾಲು ಅಷ್ಟು. ಅವರು ತಮ್ಮ ನುಡಿಯಲ್ಲಿ, ತಮ್ಮ ಹಾಡುಗಳೊಂದಿಗೆ ಗೋಮೆಸ್ ಸಂಗೀತದ ನಡುವೆ ಬಂದು ನಿಂತರು.

ಇದಕ್ಕಿಂತಲೂ ಆಳವಾದದ್ದು ಕ್ರೆನಾಕ್ ಅವರ ಹಿನ್ನೆಲೆ. ಮಿನಾಸ್ ಜೆರಾಯಿಸ್ ರಾಜ್ಯದ ದೋಸಿ ನದಿ ಕಣಿವೆಯ ಕ್ರೆನಾಕ್ ಜನರು ಬೊತೊಕುದೊ ಜನಾಂಗದಿಂದ ಉಳಿದುಬಂದವರು. ಆಪೆರಾ ಯಾರನ್ನು ನರಭಕ್ಷಕರೆಂದು ಚಿತ್ರಿಸಿತೋ ಆ ಐಮೊರೆಗಳ ವಂಶದವರೇ ಅದನ್ನು ಮರುರೂಪಿಸುವ ಹೊಣೆ ಹೊತ್ತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ರೆನಾಕ್ ಬ್ರೆಜಿಲ್ ಸಾಹಿತ್ಯ ಅಕಾಡೆಮಿಗೆ ಆಯ್ಕೆಯಾದ ಮೊದಲ ಮೂಲನಿವಾಸಿಯಾದರು.

ಉಪಸಂಹಾರ

ಪೆರಿಯನ್ನು ಟೆನರ್ ಮಾಡಿದ್ದು ತನ್ನ ಕಾಲಕ್ಕೆ ದೊಡ್ಡ ನಡೆ. ವಾಸ್ಕೊ ಡ ಗಾಮನಿಗೆ ಮೀಸಲಾಗಿದ್ದ ಸ್ಥಾನವನ್ನು ಗೋಮೆಸ್ ಕಾಡಿನ ಮಗನಿಗೆ ಕೊಟ್ಟರು, ಯುರೋಪಿನ ಕೇಳುಗರು ಅವನ ಪರ ನಿಲ್ಲುವಂತೆ ಮಾಡಿದರು. ಆ ಗೌರವ ಕಾಲ್ಪನಿಕ ವೀರನೊಬ್ಬನಲ್ಲೇ ನಿಂತುಹೋಯಿತು. ಪರಾಗ್ವೆಯ ರಣಭೂಮಿ, ಬೊತೊಕುದೊ ಜನರ ಮೇಲಿನ ಯುದ್ಧ, ಜರಾಗ್ವಾದ ನಾಲ್ಕು ಎಕರೆ ಅದಕ್ಕೆ ಸಾಕ್ಷಿ.

ಹಾಗೆಂದು ಈ ಕೃತಿಯನ್ನು ಬದಿಗಿಡುವುದು ಸರಿಯಾದ ತೀರ್ಮಾನವಲ್ಲ. ಪೆರಿಯ ಸಂಗೀತದಲ್ಲಿ ಸತ್ವವಿದ್ದುದರಿಂದಲೇ 150 ವರ್ಷಗಳ ನಂತರ ಅದರ ಸುತ್ತ ಇಷ್ಟು ಗಂಭೀರ ವಾಗ್ವಾದ ಸಾಧ್ಯವಾಯಿತು. ಹಳೆಯ ರೀತಿಯಲ್ಲೇ ಹಾಡಿ ಮುಗಿಸುವುದೂ ಇನ್ನು ಸಾಲದು. ಸಾವ್ ಪಾವ್ಲೊದ ಪ್ರಯೋಗ ಸ್ವರಗಳನ್ನು ಗೌರವಿಸುತ್ತಲೇ ಕಥೆಯನ್ನು ಪ್ರಶ್ನಿಸಿತು, ಟೆನರ್ ಗಾಯಕನ ಪಕ್ಕದಲ್ಲಿ ಆ ಜನಾಂಗದವನನ್ನೇ ನಿಲ್ಲಿಸಿತು. ಇನ್ನೊಬ್ಬರ ಹೆಸರಿನಲ್ಲಿ ಹಾಡುವ ಯಾವ ಕಲೆಯೇ ಆದರೂ ಆ ಇನ್ನೊಬ್ಬರಿಗೆ ರಂಗದ ಮೇಲೆ ಜಾಗ ಬಿಡಬೇಕು ಎಂಬ ಪಾಠವನ್ನು ಪೆರಿಯ ಚರಿತ್ರೆ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಕಲಿಸುತ್ತದೆ.