ಅಂಗಡಿಯ ಹೆಸರು ಯಾರ ಕೈಯಲ್ಲಿ?

ಕುಂದಾಪುರದ ನೆಹರೂ ಮೈದಾನದಲ್ಲಿ ಡೇರೆ ಮೇಳದ ಯಕ್ಷಗಾನ ಆಟ ಇದೆ ಎಂದರೆ ಅದರ ಹಿಂದಿನ ವಾರ ನಮ್ಮ ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತು ಇರುತ್ತಿರಲಿಲ್ಲ. 1980ರ ದಶಕದ ಮಾತು. ಹೈಸ್ಕೂಲು ಮುಗಿಸಿದವನು ಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಗುಲಾಬಿ, ಹಳದಿ ಬಣ್ಣದ ತೆಳು ಕಾಗದದ ಕಟ್ಟು ಬರುತ್ತಿತ್ತು. ಟ್ರೆಡಲ್ ಮಿಶಿನ್ನು ರಾತ್ರಿ ಹತ್ತರವರೆಗೂ ಸದ್ದು ಮಾಡುತ್ತಿತ್ತು. ಮರುದಿನ ಬೆಳಿಗ್ಗೆ ಮೈಕು ಕಟ್ಟಿದ ಕಾರು ಕೋಟೇಶ್ವರ, ತೆಕ್ಕಟ್ಟೆ, ಹೆಮ್ಮಾಡಿ ಎಂದು ಸುತ್ತುತ್ತ ಆ ಕರಪತ್ರಗಳನ್ನು ಗಾಳಿಗೆ ತೂರುತ್ತ ಹೋಗುವುದು, ಹಿಂದಿನಿಂದ ಮಕ್ಕಳು ಓಡುವುದು.

ಆ ಕರಪತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿ. ನೆತ್ತಿಯ ಮೇಲೆ ದೇವರ ಹೆಸರು. ಕೆಳಗೆ ಮೇಳದ ಹೆಸರು, ಸಾಲಿಗ್ರಾಮವೋ ಪೆರ್ಡೂರೋ. ದಿನಾಂಕ, ವಾರ, ಜಾಗ. ‘ರಾತ್ರಿ 9.30ಕ್ಕೆ ಸರಿಯಾಗಿ’. ನಡುವೆ ಇದ್ದದ್ದರಲ್ಲಿ ದೊಡ್ಡ ಮೊಳೆಯಲ್ಲಿ ಪ್ರಸಂಗದ ಹೆಸರು. ಆಮೇಲೆ ವೇಷಧಾರಿಗಳ ಪಟ್ಟಿ, ಕುರ್ಚಿಗೆ ಎಷ್ಟು, ನೆಲಕ್ಕೆ ಎಷ್ಟು ಎಂಬ ಟಿಕೆಟ್ ದರ. ಎಲ್ಲದರ ಅಡಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ, ಮುದ್ರಿಸಿದವರ ಹೆಸರು ಮತ್ತು ಊರು. ಇದು ನಮ್ಮ ಹೆಮ್ಮೆಗೆ ಹಾಕಿಕೊಂಡದ್ದಲ್ಲ; ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು ಇರಲೇಬೇಕೆಂದು 1867ರ ಕಾಯ್ದೆ ಹೇಳುತ್ತಿತ್ತು.

ನಮ್ಮ ಧಣಿಗಳು ಒಂದು ಮಾತು ಹೇಳುತ್ತಿದ್ದರು: ‘ಆಟಕ್ಕೆ ಹೊರಟವನಿಗೆ ಎಂತೆಂತ ಗೊತ್ತಾಯ್ಕೋ ಅದಷ್ಟೂ ಇದ್ರಲ್ಲಿ ಇರ್ಕ್. ಮತ್ತೆ ಅವ ಯಾರತ್ರವೂ ಕೇಂಬ ಹಾಂಗ್ ಆಗೂಕಾಗ.’ ಅದೇ ಮಾತು ಹಿಡಿದು 2001ರಿಂದ ಈಚೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸಣ್ಣ ಅಂಗಡಿ, ಹೋಟೆಲು, ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತ ಬಂದಿದ್ದೇನೆ. ಕೆಲಸ ಕಲಿತದ್ದು ಪುಸ್ತಕದಿಂದಲೇ, ಆದರೆ ಏನು ಬರೆಯಬೇಕು, ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಕಲಿತದ್ದು ಆ ಗುಲಾಬಿ ಕಾಗದದಿಂದ.

ವ್ಯಾಪಾರಸ್ಥರ ಹೆಸರು ದೂರದವರಿಗೆ ಮುಟ್ಟುವ ಪ್ರಶ್ನೆ ನಮ್ಮ ಕಡೆಗೆ ಹೊಸತಲ್ಲ. ಕುಂದಾಪುರದಿಂದ ಕೂಗಳತೆಯಲ್ಲಿರುವ ಬಸರೂರು ಒಂದು ಕಾಲದಲ್ಲಿ ಅಕ್ಕಿ ತುಂಬಿದ ಹಡಗುಗಳ ಬಂದರು. ಅಲ್ಲಿನ ಶಾಸನಗಳು ಮೂಡುಕೇರಿ, ಪಡುಕೇರಿ ಎಂದು ಎರಡು ಕೇರಿಗಳ ಹೆಸರು ಹೇಳುತ್ತವೆ. ಹಲರು, ಸೆಟ್ಟಿಕಾರರು ಎಂಬ ವರ್ತಕ ಸಂಘಗಳ ಹೆಸರು ಹೇಳುತ್ತವೆ. ಒಬ್ಬೊಬ್ಬ ವ್ಯಾಪಾರಿಗೆ ಬೇರೆ ಬೇರೆ ಬೋರ್ಡು ಬೇಕಿರಲಿಲ್ಲ, ಕೇರಿಯೇ ವಿಳಾಸ, ಸಂಘವೇ ನಂಬಿಕೆ. ಆದರೆ ಊರಿನ ಹೆಸರು ಹೊರಗಿನವರ ಬಾಯಲ್ಲಿ ಏನಾಯಿತು ನೋಡಿ. 14ನೇ ಶತಮಾನದಲ್ಲಿ ಕರಾವಳಿಯುದ್ದಕ್ಕೂ ಪಯಣಿಸಿದ ಇಬ್ನ್ ಬತೂತ ಬಸರೂರನ್ನು ಅಬು ಸರೂರ್ ಎಂದು ಬರೆದ, ಬಾರಕೂರನ್ನು ಫಾಕನೂರ್ ಎಂದು ಬರೆದ. ಪೋರ್ಚುಗೀಸರಿಗೆ ಬಸರೂರು ಬಾರ್ಸಿಲೋರ್ ಆಯಿತು. ಬ್ರಿಟಿಷರು ಕುಂದಾಪುರಕ್ಕೆ ಸಿ ಅಕ್ಷರ ಹಚ್ಚಿ, ಎರಡೆರಡು ಕಡೆ ಓ ಅಕ್ಷರವನ್ನು ಜೋಡಿಯಾಗಿ ಇಟ್ಟರು.

ಇದನ್ನು ಯಾಕೆ ಹೇಳುತ್ತೇನೆಂದರೆ, ಇವತ್ತಿಗೂ ವೆಬ್‌ಸೈಟಿನ ವಿಳಾಸ, ಅಂದರೆ ಡೊಮೇನ್ ಹೆಸರು ಆರಿಸುವಾಗ ನನ್ನ ಅರ್ಧ ದಿನ ಇದಕ್ಕೇ ಹೋಗುತ್ತದೆ. ಕುಂದಾಪುರ ಎಂದು ಬರೆಯಬೇಕೋ, ಕೊನೆಯ ಅಕಾರ ಬಿಡಬೇಕೋ, ನಾವು ಬಾಯಲ್ಲಿ ಹೇಳುವ ಹಾಗೆ ಕುಂದಾಪ್ರ ಎನ್ನಬೇಕೋ? ಬೈಂದೂರಿಗೆ ಇಂಗ್ಲಿಷಿನಲ್ಲಿ ವೈ ಹಾಕುವವರಿದ್ದಾರೆ, ಎ-ಐ ಹಾಕುವವರಿದ್ದಾರೆ. ಬ್ರಹ್ಮಾವರಕ್ಕೆ ವಿ ಅಕ್ಷರವೋ ಡಬ್ಲ್ಯೂ ಅಕ್ಷರವೋ ಎಂಬ ಗೊಂದಲ. ಮುಂಬಯಿಯಲ್ಲಿರುವ ಗಿರಾಕಿ ಒಂದು ತರ ಟೈಪ್ ಮಾಡುತ್ತಾರೆ, ಊರಿನವರು ಇನ್ನೊಂದು ತರ. ಹಾಗಾಗಿ ಊರಿನ ಹೆಸರನ್ನು ಡೊಮೇನಿನಲ್ಲಿ ಇಡಬೇಡಿ, ಅಂಗಡಿಯ ಹೆಸರನ್ನಷ್ಟೇ ಇಡಿ, ಫೋನಿನಲ್ಲಿ ಒಂದು ಸಲ ಹೇಳಿದರೆ ಬರೆದುಕೊಳ್ಳುವಂತಿರಲಿ ಎಂದು ಹೇಳುತ್ತೇನೆ.

ಹೆಸರನ್ನು ಗಿರಾಕಿಯ ನಾಲಗೆಗೆ ಹೊಂದಿಸಿ ಇಟ್ಟವರು ನಮ್ಮವರೇ ಇದ್ದಾರೆ. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಮಾವಳ್ಳಿ ಬೆಂಗಳೂರಿನ ಜಾಗ, ಉಣ್ಣಲು ಬರುವವರಿಗೆ ಗೊತ್ತಿದ್ದ ಜಾಗ. ಬೈಂದೂರಿನ ರೈಲು ನಿಲ್ದಾಣದ ಫಲಕವೂ ಅದೇ ಜಾಣತನದ್ದು: ‘ಮೂಕಾಂಬಿಕಾ ರೋಡ್ ಬೈಂದೂರು’. ಇಳಿಯುವವರಲ್ಲಿ ಎಷ್ಟೋ ಮಂದಿ ಕೊಲ್ಲೂರಿಗೆ ಹೋಗುವವರು, ಅವರಿಗೆ ಬೇಕಾದ ಹೆಸರು ಮೊದಲು.

ಅಚ್ಚೊತ್ತಿದ ಹೆಸರೇ ಮಾಲಿನ ಜೊತೆ ಊರೂರಿಗೆ ಹೋಗುವುದನ್ನು ಕರಾವಳಿಗೆ ತೋರಿಸಿದ್ದು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಉದ್ಯಮ ನಮ್ಮ ಹೊಳೆಗಳ ದಡಕ್ಕೂ ಬಂತು. ಜೇಡಿಮಣ್ಣು ಹಸಿ ಇರುವಾಗಲೇ ಅದರ ಮೇಲೆ ಕಾರ್ಖಾನೆಯ ಹೆಸರು, ಊರು ಒತ್ತುತ್ತಿದ್ದರು. ಸುಟ್ಟ ಮೇಲೆ ಅದನ್ನು ಅಳಿಸುವವರು ಯಾರೂ ಇಲ್ಲ. ಮುಚ್ಚಿ ಹೋದ ಎಷ್ಟೋ ಕಾರ್ಖಾನೆಗಳ ಹೆಸರನ್ನು ನಾನು ಹಳೆಮನೆ ಕೆಡಹುವಾಗ ಅಂಗಳಕ್ಕೆ ಬಿದ್ದ ಹಂಚಿನ ಬೆನ್ನಿನಲ್ಲಿ ಓದಿದ್ದೇನೆ. ಅಷ್ಟು ಗಟ್ಟಿಯಾದ ಜಾಹೀರಾತು ಆಮೇಲೆ ನಮಗೆ ಸಿಗಲಿಲ್ಲ.

ಮರದ ಚೌಕಟ್ಟಿಗೆ ತಗಡು ಹೊಡೆದು ಬ್ರಶ್ಶಿನಲ್ಲಿ ಬರೆಯುತ್ತಿದ್ದ ಬೋರ್ಡುಗಳು ಹೆದ್ದಾರಿ ಅಗಲವಾಗುವಾಗ ಹೋದವು. ನಂಬರು ಹದಿನೇಳಿದ್ದ ರಸ್ತೆ ಅರವತ್ತಾರು ಆಯಿತು, ಚತುಷ್ಪಥವಾಯಿತು. ಬ್ರಹ್ಮಾವರ, ಕೋಟ, ಸಾಲಿಗ್ರಾಮದ ಎಷ್ಟೋ ಅಂಗಡಿಗಳು ಹಿಂದೆ ಸರಿದವು, ಕೆಲವು ಕಾಣೆಯಾದವು. ಹೊಸತಾಗಿ ಬಂದದ್ದು ಫ್ಲೆಕ್ಸು. ಜಿಲ್ಲೆ ಬದಲಾದಾಗಲೂ ನಮಗೆ ಕೆಲಸ: 1997ರಲ್ಲಿ ಉಡುಪಿ ಜಿಲ್ಲೆಯಾದಾಗ ಬಿಲ್ ಪುಸ್ತಕಗಳ ಮೇಲಿದ್ದ ದ.ಕ. ಹೊಡೆದುಹಾಕಿ ಹೊಸತು ಅಚ್ಚು ಹಾಕಿದೆವು. 2018ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದಾಗ ಅದೇ ತಿದ್ದುಪಡಿಯನ್ನು ವೆಬ್‌ಸೈಟಿನಲ್ಲಿ ಐದು ನಿಮಿಷದಲ್ಲಿ ಮಾಡಿದೆ. ಆದರೆ ಹೇಳಿ ಮಾಡಿಸಿಕೊಂಡವರು ಕೆಲವರೇ. ಈಗಲೂ ಉಪ್ಪುಂದದ ಅಂಗಡಿಗಳು ಕುಂದಾಪುರ ತಾಲೂಕು ಎಂದೇ ಹೇಳಿಕೊಳ್ಳುವ ಪುಟಗಳಿವೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ ಯು.ಬಿ. ಪವನಜ ಅವರ ವಿಶ್ವಕನ್ನಡ ಕನ್ನಡದ ಮೊದಲ ಅಂತರಜಾಲ ತಾಣವಾಗಿ ಬಂತು. ನಮಗೆ ಅದು ಮುಟ್ಟಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಷ್ಟರಲ್ಲಿ ಮೊಳೆಯ ಕೇಸುಗಳು ಗುಜರಿಗೆ ಹೋಗಿ, ನಾನು ಡಿಟಿಪಿ ಕಲಿತಿದ್ದೆ. ಕನ್ನಡ ಟೈಪ್ ಮಾಡಲು ಮೊದಲು ಶ್ರೀಲಿಪಿ ತಂತ್ರಾಂಶ, ಆಮೇಲೆ ಬರಹ, ನುಡಿ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಅವರು ನಮ್ಮ ಜಿಲ್ಲೆಯ ಮಣಿಪಾಲದಲ್ಲೇ ನೆಲೆಸಿದವರು ಎನ್ನುವಾಗ ಈಗಲೂ ಎದೆಯುಬ್ಬುತ್ತದೆ. ಒತ್ತಕ್ಷರದ ಮೊಳೆ ಹುಡುಕಿ ಹುಡುಕಿ ಬೆರಳು ಕಪ್ಪಾದವನಿಗೆ ಕೆ ಒತ್ತಿದರೆ ಕ ಬರುವುದು ಏನೆಂದು ಗೊತ್ತು.

ಆದರೆ ವೆಬ್‌ಸೈಟಿನಲ್ಲಿ ಕನ್ನಡ ಇಡುವುದು ಸುಲಭವಿರಲಿಲ್ಲ. ಫೋನ್ ತಂತಿಯಲ್ಲಿ ಸಂಪರ್ಕ ಸಿಗಲು ಕಾಯುವ ದಿನಗಳವು. ನಾನು ನುಡಿಯಲ್ಲಿ ಟೈಪ್ ಮಾಡಿದ್ದು, ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ದುಬೈಯಲ್ಲಿರುವ ಗಂಗೊಳ್ಳಿಯವರೊಬ್ಬರು ಫೋನ್ ಮಾಡಿ, ‘ನಿಮ್ಮ ಪುಟದಲ್ಲಿ ಎಂತ ಬರೆದದ್ದು ಮಾರಾಯ್ರೆ, ಒಂದಕ್ಷರ ತಿಳಿಯುದಿಲ್ಲ’ ಎಂದಿದ್ದರು. ಅದಕ್ಕೆ ಒಂದು ಉಪಾಯ ಮಾಡಿದೆ. ಕನ್ನಡದ ಸಾಲುಗಳನ್ನು ಚಿತ್ರವಾಗಿ ಉಳಿಸಿ ಪುಟಕ್ಕೆ ಅಂಟಿಸಿದೆ. ಓದಲು ಬಂತು. ಆದರೆ ಚಿತ್ರದೊಳಗಿನ ಅಕ್ಷರವನ್ನು ಹುಡುಕುವ ಯಂತ್ರ ಓದುತ್ತಿರಲಿಲ್ಲ. ಹುಡುಕಿದರೆ ಸಿಗದ, ಕಂಡರೆ ಓದಬಹುದಾದ ಅಂಗಡಿಗಳನ್ನು ನಾಲ್ಕಾರು ವರ್ಷ ಕಟ್ಟಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಇತ್ತು, ಆ ಕಂಪ್ಯೂಟರುಗಳು ಊರಿಗೆ ತುಂಬಿದ ಮೇಲೆ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಆ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ.

ಬೇಸರವಿರುವುದು ಬೇರೆಯದಕ್ಕೆ. ನನ್ನ ಮೊದಲ ಕೆಲವು ಪುಟಗಳು ಜಿಯೋಸಿಟೀಸ್‌ನಲ್ಲಿದ್ದವು. ಬಾಡಿಗೆ ಇಲ್ಲ, ಸುಮ್ಮನೆ ಜಾಗ. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ಪ್ರತಿ ಇಟ್ಟುಕೊಂಡಿರಲಿಲ್ಲ, ಹೋಯಿತು. ಇನ್ನೊಂದು ಇದಕ್ಕಿಂತ ನೋವಿನದು. ಒಬ್ಬ ಗೇರುಬೀಜ ವ್ಯಾಪಾರಿಯ ಡೊಮೇನನ್ನು ದೂರದ ಊರಿನ ಒಬ್ಬ ಏಜೆಂಟರ ಮೂಲಕ ಮಾಡಿಸಿದ್ದೆ. ಆ ಏಜೆಂಟರು ಅದನ್ನು ತಮ್ಮ ಹೆಸರಲ್ಲೇ ನೋಂದಾಯಿಸಿಕೊಂಡಿದ್ದರು. ನಾನು ಆಗ ಕಾಗದ ಕೇಳಿ ನೋಡಲಿಲ್ಲ. ಆರು ವರ್ಷದ ನಂತರ ಅವರು ಫೋನ್ ಎತ್ತುವುದನ್ನು ನಿಲ್ಲಿಸಿದರು, ರಿನ್ಯೂವಲ್ ತಪ್ಪಿತು, ಹೆಸರು ಬೇರೆ ಯಾರದ್ದೋ ಆಯಿತು. ಅಪ್ಪನ ಕಾಲದಿಂದ ಗೋಣಿಚೀಲದ ಮೇಲೆ ಅಚ್ಚಾಗುತ್ತಿದ್ದ ಹೆಸರು ಅದು. ವ್ಯಾಪಾರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ಡೊಮೇನನ್ನು ಅಂಗಡಿಯವರ ಹೆಸರಲ್ಲಿ, ಅವರದೇ ಇಮೇಲು, ಅವರದೇ ಮೊಬೈಲು ಕೊಟ್ಟು ಮಾಡಿಸುತ್ತೇನೆ. ಪಾಸ್‌ವರ್ಡನ್ನು ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಅವರ ಕೈಯಿಂದಲೇ ಬರೆಸುತ್ತೇನೆ. ರಿನ್ಯೂವಲ್ ದಿನವನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಸುತ್ತೇನೆ.

ಉಪ್ಪುಂದದ ಕಡೆ ಹಪ್ಪಳ, ಸೆಂಡಿಗೆ, ಕೋಳಿ ಮಸಾಲೆ ಪುಡಿ ಮಾಡುವ ಒಬ್ಬ ಅಕ್ಕ ಇದ್ದಾರೆ. ಅವರ ಜಗಲಿಯಲ್ಲಿ ಕೂತು ವೆಬ್‌ಸೈಟಿನ ಯೋಜನೆ ಹಾಕಿದ ಕಾಗದ ನನ್ನಲ್ಲಿ ಈಗಲೂ ಇದೆ. ಬರೆದದ್ದು ಹಳೆಯ ಆಟದ ಕರಪತ್ರದ ಬೆನ್ನಲ್ಲಿ. ನಾಲ್ಕು ಚೌಕ. ಮೊದಲನೆಯದರಲ್ಲಿ ಹೆಸರು, ಒಂದೇ ಸಾಲಿನಲ್ಲಿ ಏನು ಮಾಡುತ್ತಾರೆ ಎಂದು. ಎರಡನೆಯದರಲ್ಲಿ ಮಾಲು, ತೂಕ, ದರ. ದರ ಬರೆಯಲು ಅವರು ಹಿಂದೆ ಮುಂದೆ ನೋಡಿದರು. ಟಿಕೆಟ್ ದರ ಇಲ್ಲದ ಕರಪತ್ರ ನೋಡಿದ್ದೀರಾ ಅಕ್ಕ ಎಂದೆ, ನಕ್ಕು ಬರೆದರು. ಮೂರನೆಯದು ದಾರಿ: ಹೆದ್ದಾರಿಯ ಯಾವ ಬದಿ, ಎಲ್ಲಿ ತಿರುಗಬೇಕು, ಯಾವ ಹೊತ್ತಿಗೆ ಮನೆಯಲ್ಲಿ ಇರುತ್ತಾರೆ. ನಾಲ್ಕನೆಯದರಲ್ಲಿ ಫೋನು. ‘ಮಳಿಗಾಲ್ದಗೆ ಹಪ್ಳ ಒಣ್ಗುದಿಲ್ಲೆ, ಅದನ್ನೂ ಬರಿಕಾ?’ ಎಂದು ಕೇಳಿದರು. ಬರೆಯಲೇಬೇಕು ಎಂದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಪ್ಪಳ ಇಲ್ಲ ಎಂಬ ಸಾಲು ಮುಖಪುಟದಲ್ಲೇ ಇದೆ. ‘ಅದೊಂದು ಬರೆದದ್ದಕ್ಕೇ ನಿಮ್ಮನ್ನು ನಂಬಿದ್ದು’ ಎಂದು ಬೆಂಗಳೂರಿನ ಗಿರಾಕಿಯೊಬ್ಬರು ಹೇಳಿದರಂತೆ. ಪುಟದ ಅಡಿಯಲ್ಲಿ, ಹಿಂದೆ ಮುದ್ರಕನ ಹೆಸರಿದ್ದ ಜಾಗದಲ್ಲಿ, ದರ ಕೊನೆಯ ಸಲ ತಿದ್ದಿದ ದಿನಾಂಕ ಹಾಕಿದ್ದೇವೆ. ಅವರ ಮಗಳು ಮೊಬೈಲಿನಲ್ಲೇ ತಿದ್ದುತ್ತಾಳೆ.

ಕೆಲವರಿಗೆ ಮುಖಪುಟದಲ್ಲಿ ಮರವಂತೆಯ ಕಡಲು, ಹಾಡು, ಓಡುವ ಅಕ್ಷರ ಎಲ್ಲ ಬೇಕು. ಮರವಂತೆಯ ಕಡಲು ಯಾರ ಅಂಗಡಿಯದ್ದೂ ಅಲ್ಲ. ನಿಮ್ಮ ಒಲೆ, ನಿಮ್ಮ ಕಲ್ಲು, ನಿಮ್ಮ ಕೈ ತೋರಿಸಿ ಎನ್ನುತ್ತೇನೆ.

ಈಗ ವಾಟ್ಸಾಪ್ ಇದೆ, ಫೇಸ್‌ಬುಕ್ ಇದೆ, ವೆಬ್‌ಸೈಟ್ ಯಾಕೆ ಎಂದು ಕೇಳುತ್ತಾರೆ. ಅವೂ ಇರಲಿ, ನಾನೂ ಮಾಡಿಕೊಡುತ್ತೇನೆ. ಆದರೆ ಅದು ಇನ್ನೊಬ್ಬರ ಮೈದಾನದಲ್ಲಿ ಹಾಕಿದ ಡೇರೆ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನ ಜೊತೆ ಅಂಗಡಿಗಳಿಗೆ ಉಚಿತವಾಗಿ ಕೊಟ್ಟಿದ್ದ ಒಂದು ಪುಟದ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ಮುಚ್ಚಿತು. ನನ್ನ ಗುರುತಿನ ಕೆಲವು ಅಂಗಡಿಗಳ ವಿಳಾಸ ಅದೊಂದೇ ಆಗಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ, ಕೈಚೀಲದ ಮೇಲೆ ಅಚ್ಚಾದ ಆ ವಿಳಾಸ ಈಗ ಎಲ್ಲಿಗೂ ಹೋಗುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ವ್ಯಾಪಾರ ಮಾಡುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಅಂಗಡಿಯ ಡೊಮೇನ್ ಯಾರ ಹೆಸರಲ್ಲಿದೆ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಅಟ್ಟದಲ್ಲಿ ಅಜ್ಜನ ಕಾಲದ ಬಿಲ್ ಪುಸ್ತಕವೋ, ಹೆಸರೊತ್ತಿದ ಹಂಚೋ, ತಗಡಿನ ಬೋರ್ಡೋ ಇದ್ದರೆ ಗುಜರಿಗೆ ಹಾಕಬೇಡಿ, ಒಂದು ಫೋಟೋ ತೆಗೆದಿಡಿ. ಮುಖಪುಟಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಇದುವರೆಗೆ ಸಿಕ್ಕಿಲ್ಲ.